ನಡು ಉಬ್ಬದ ಕೌದಿ: ಕೊನೆಗೂ ಸಿಕ್ಕ ದಾರಿ

ಈಗ ಧೈರ್ಯವಾಗಿ ಹೇಳಬಹುದು. ಹಳೆ ಸೀರೆಗಳಿಂದ ನಮ್ಮ ಗುಂಪು ಹೊಲಿದ 14 ಕೌದಿಗಳಲ್ಲಿ (ಹಾಸಲು, ಹೊದೆಯಲು ಬರುವ ದಪ್ಪ ಹೊದಿಕೆ) ಕೊನೆಯ 9ಕ್ಕೆ ನಡುವೆ ಉಬ್ಬಿಲ್ಲ, ಅಂಚು ಸೊಟ್ಟಗಾಗಿಲ್ಲ, ಮಡಚಿದರೆ ಮೂಲೆಗೆ ಮೂಲೆ ಕೂಡುತ್ತದೆ. ನಾವು ಹೊಲಿಯುವುದು ಅಂಚಿನಿಂದ ಒಳಗೆ, ನಡುವಿನ ಕಡೆಗೆ. ಹಾಗೆ ಹೊಲಿದರೆ ಕೌದಿ ಸಪಾಟಾಗಿ ಬರುವುದೇ ಇಲ್ಲ ಎಂದು ಮಷಿನ್ ಕ್ವಿಲ್ಟಿಂಗ್ ಕಲಿತವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನಮ್ಮವರೇ ಇಬ್ಬರು ಅದೇ ಮಾತು ಹೇಳಿ ಗುಂಪು ಬಿಟ್ಟರು. ಒಬ್ಬರು ವಾಪಸ್ ಬಂದಿದ್ದಾರೆ.

ನಾವು ಧಾರವಾಡದವರು. ವಾರಕ್ಕೆ ಮೂರು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೂಡುತ್ತೇವೆ, ಐದಾರು ಜನ, ಮಳೆಗಾಲದಲ್ಲಿ ಕಡಿಮೆ. ಶುರುವಾಗಿ ಒಂದೂವರೆ ವರ್ಷವಾಯಿತು. ಮೊದಲ ಆರು ತಿಂಗಳು ದುಡ್ಡೂ ಹೋಯಿತು, ಬಟ್ಟೆಯೂ ಹೋಯಿತು.

ಮೊದಲ ಎರಡು ಕೌದಿ ವಿಡಿಯೋ ನೋಡಿ ಹೊಲಿದದ್ದು. ಮೇಲಿನ ಹೊದಿಕೆಯನ್ನು ಮಷಿನ್ನಿನಲ್ಲಿ ಚೌಕ ಚೌಕವಾಗಿ ಕೂಡಿಸಿ, ಒಳಗೆ ಪಾಲಿಯೆಸ್ಟರ್ ಹಾಸು ಹಾಕಿ, ನಡುವಿನಿಂದ ಹೊರಗೆ ಹೊಲಿದೆವು. ಆ ಹಾಸಿನ ಖರ್ಚೇ 1,800 ರೂಪಾಯಿ ಹತ್ತಿರ ಹೋಯಿತು. ಆ ವಿಧಾನ ಹೊಸ ಬಟ್ಟೆಗೆ ಸರಿ ಇರಬಹುದು. ನಮ್ಮದು 20 ವರ್ಷ ಉಟ್ಟ ಸೀರೆ, ಒಂದು ಕಡೆ ಜಗ್ಗಿರುತ್ತದೆ, ಇನ್ನೊಂದು ಕಡೆ ಗಟ್ಟಿ ಇರುತ್ತದೆ. ಅಂಚಿಗೆ ಬರುವಷ್ಟರಲ್ಲಿ ಅದು ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಎದ್ದು ನಿಂತಿತು. ಅದೂ ಅಲ್ಲದೆ ಒಂದೇ ಸಲ ತೊಳೆದಿದ್ದಕ್ಕೆ ಒಳಗಿನ ಹಾಸು ಗಂಟುಗಂಟಾಯಿತು. ನಮ್ಮ ಧಾರವಾಡದ ಚಳಿಗೆ ಅಷ್ಟು ಬಿಸಿಯೂ ಬೇಕಿಲ್ಲ, ಹೊದ್ದವರು ಬೆವರಿ ಎದ್ದರು.

ಮೂರನೆಯದಕ್ಕೆ ನಾನು ಹಟ ಹಿಡಿದು ಅಂಚಿನಿಂದ ಶುರು ಮಾಡಿದೆ. ಮೇಲಿನ ಹೊದಿಕೆ ಮಾತ್ರ ಮೊದಲೇ ಕೂಡಿಸಿಟ್ಟಿದ್ದೆ, ತಪ್ಪಾದದ್ದು ಅಲ್ಲೇ. ನಡುವಿಗೆ ಬಂದಾಗ ಬುಟ್ಟಿ ಬೋರಲು ಹಾಕಿದಷ್ಟು ಉಬ್ಬು. ಮೂರು ರಾತ್ರಿ ಕೂತು ಹೊಲಿಗೆ ಬಿಚ್ಚಿದೆ. ಆಗಲೇ ಒಬ್ಬರು ಅಂದದ್ದು, "ಅಕ್ಕಾರ, ನಾ ಮೊದಲ ಹೇಳಿದ್ನಿಲ್ರೀ, ನಡುವ ಗುಡ್ಡ ಆಗತೈತಿ ಅಂತ." ನಾನು ಏನೂ ಹೇಳಲಿಲ್ಲ, ಬಿಚ್ಚುತ್ತಾ ಕೂತೆ.

ಆದರೆ ಒಂದು ವಿಷಯ ತಲೆಯಿಂದ ಹೋಗಲೇ ಇಲ್ಲ. ನಮ್ಮ ಆಯಿ ಕೌದಿಯ ಕೊನೆಯ ತುಂಡಿನ ಕೆಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದರು. ಕೌದಿ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು ಎಂದು. ಆ ಕೊನೆಯ ತುಂಡು ಯಾವಾಗಲೂ ನಟ್ಟನಡುವೆ ಇರುತ್ತಿತ್ತು. ಅಂದರೆ ಅವರು ಅಂಚಿನಿಂದಲೇ ಒಳಗೆ ಬರುತ್ತಿದ್ದರು, ಅಲ್ವಾ? ಅವರ ಕೌದಿಯ ಮೇಲೆ ನಾವು ಹತ್ತು ವರ್ಷ ಮಲಗಿದ್ದೇವೆ, ಬೆನ್ನಿಗೆ ಎಲ್ಲೂ ಉಬ್ಬು ಒತ್ತಿದ್ದು ನೆನಪಿಲ್ಲ.

ಉತ್ತರ ಸಿಕ್ಕಿದ್ದು ಹಳಿಯಾಳದ ಕಡೆ. ಸಂಬಂಧಿಕರ ಮದುವೆಗೆ ಹೋದಾಗ ಹತ್ತಿರದ ಊರಲ್ಲಿ ಒಬ್ಬ ಸಿದ್ದಿ ಅಜ್ಜಿ (ಸಿದ್ದಿಯರು ಆಫ್ರಿಕಾ ಮೂಲದವರು) ಅಂಗಳದಲ್ಲಿ ಕೂತು ಹೊಲಿಯುತ್ತಿದ್ದರು. ಸಿದ್ದಿಯರು ಕೌದಿಯನ್ನು ಕವಂದ್ ಎನ್ನುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಮಡಚಿ ಮಾಡಿದ ತ್ರಿಕೋನದ ಹೂ ಇಡುತ್ತಾರೆ, ಅದಕ್ಕೆ ಫೂಲ ಅಂತ ಹೆಸರು. ಅದಿಲ್ಲದೆ ಕವಂದ್ ಪೂರ್ತಿಯಾಗುವುದಿಲ್ಲ. ನಾನು ಫೂಲ ನೋಡಲು ಬಗ್ಗಿದವಳು ಅಜ್ಜಿಯ ಕೈ ನೋಡುತ್ತ ನಿಂತುಬಿಟ್ಟೆ. ಮೇಲಿನ ಹೊದಿಕೆ ಎಂಬುದೇ ಇರಲಿಲ್ಲ! ಕೆಳಗಿನ ಸೀರೆಯ ಮೇಲೆ ತುಂಡು ಇಡುವುದು, ಅಂಗೈಯಿಂದ ಸವರುವುದು, ಅಂಚು ಮಡಚಿ ಹೊಲಿಯುವುದು, ಆಮೇಲೆ ಮುಂದಿನ ತುಂಡು. ಬಟ್ಟೆ ಎಲ್ಲಾದರೂ ಎದ್ದರೆ ಆ ಎದ್ದದ್ದು ಮುಂದಿನ ತುಂಡಿನ ಕೆಳಗೆ ಸಣ್ಣ ನಿರಿಗೆಯಾಗಿ ಮಲಗಿಬಿಡುತ್ತಿತ್ತು. ಎದ್ದದ್ದು ನಡುವಿನವರೆಗೆ ಬರುವುದೇ ಇಲ್ಲ.

ಈಗ ನಾವು ಮಾಡುವುದು ಹೀಗೆ. ಒಬ್ಬರ ಕೌದಿಗೆ, ಸುಮಾರು 5 ಅಡಿಗೆ 7 ಅಡಿ, ಹಳೆ ಹತ್ತಿ ಸೀರೆ ಐದು ಮತ್ತು ಒಂದು ಧೋತರ ಸಾಕು. ಎಲ್ಲವನ್ನೂ ಒಂದು ರಾತ್ರಿ ನೆನೆಸಿ ಒಣಗಿಸಿಯೇ ಹಾಸುತ್ತೇವೆ. ಗೇಣಿಗೊಂದರಂತೆ, ಆಮೇಲೆ ಬಿಚ್ಚುವ ಕಚ್ಚಾ ಹೊಲಿಗೆ ಹಾಕುತ್ತೇವೆ, ಅದೂ ಕೆಳಗಿನ ಪದರಗಳಿಗೆ ಮಾತ್ರ. ಮೊದಲು ನಾಲ್ಕೂ ಅಂಚಿನ ಪಟ್ಟಿ. ಆಮೇಲೆ ಅರ್ಧ ಇಂಚಿಗೊಂದು ಸಾಲಿನಂತೆ ಸುತ್ತು ಬರುತ್ತಾ ತುಂಡು ಇಡುತ್ತಾ ಹೋಗುವುದು. ನಾಲ್ಕು ಸುತ್ತಿಗೊಮ್ಮೆ ನೆಲಕ್ಕೆ ಹಾಸಿ ಒದ್ದೆ ಕೈಯಿಂದ ನಡುವಿನ ಕಡೆಗೆ ಸವರುತ್ತೇವೆ, ಮುಂದಿನ ಒಂದು ಗೇಣಿನ ಕಚ್ಚಾ ಬಿಚ್ಚುತ್ತೇವೆ. ನಿರಿಗೆ ಕಿರುಬೆರಳಿನ ಅಗಲ ಮೀರಬಾರದು. ಮೀರಿತೆಂದರೆ ಹಿಂದೆ ಎಲ್ಲೋ ಯಾರೋ ದಾರ ಜಾಸ್ತಿ ಬಿಗಿದಿದ್ದಾರೆ ಎಂದೇ ಅರ್ಥ.

ಗುಂಪಿನಲ್ಲಿ ಹೊಲಿಯುವವರಿಗೆ ನಿಜವಾದ ತೊಂದರೆ ಈ ದಾರದ್ದೇ. ನಾಲ್ಕು ಕಡೆ ನಾಲ್ವರು ಕೂತರೆ ನಾಲ್ಕು ಕೈ ನಾಲ್ಕು ಥರ. ನಮ್ಮಲ್ಲಿ ಒಬ್ಬರದು ಬಹಳ ಬಿಗಿ ಕೈ. ಅವರು ಕೂತ ಕಡೆ ಕೌದಿ ಎರಡು ಇಂಚು ಗಿಡ್ಡವಾಗುತ್ತಿತ್ತು. ಅವರಿಗೆ ಹೇಳಿದರೆ ಬೇಜಾರು, ಹೇಳದಿದ್ದರೆ ಕೌದಿ ಹಾಳು. ಕೊನೆಗೆ ಪ್ರತಿ ಸುತ್ತಿಗೂ ಎಲ್ಲರೂ ಒಂದು ಜಾಗ ಬಲಕ್ಕೆ ಸರಿಯುವುದು ಎಂದು ಮಾಡಿದೆವು. ಬಿಗಿ ಕೈ ನಾಲ್ಕೂ ಕಡೆ ಹಂಚಿಹೋಯಿತು, ಅಳತೆ ಸರಿಹೋಯಿತು, ಯಾರ ಮನಸ್ಸಿಗೂ ನೋವಾಗಲಿಲ್ಲ. ಇದು ನನ್ನದೇ ಯೋಚನೆ, ನನಗೆ ಬಹಳ ಹೆಮ್ಮೆ ಇದೆ. ದಾರವನ್ನು ಎಷ್ಟು ಸಡಿಲ ಬಿಡಬೇಕು ಎಂಬುದಕ್ಕೆ ಇನ್ನೊಂದು ಲೆಕ್ಕವಿದೆ. ಅದನ್ನು ಮಾತ್ರ ಸದ್ಯಕ್ಕೆ ನಮ್ಮ ಪಡಸಾಲೆಯಲ್ಲೇ ಇಟ್ಟುಕೊಂಡಿದ್ದೇವೆ.

ಇಳಕಲ್ ಸೀರೆ ಬಂದರೆ ಎಚ್ಚರ. ಮೈ ಹತ್ತಿಯದಾದರೆ ಕೌದಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ತೊಳೆದಷ್ಟೂ ಮೆತ್ತಗಾಗುತ್ತದೆ. ಸೆರಗು ರೇಷ್ಮೆಯದಾದರೆ ಹಳತಾದ ಮೇಲೆ ಸೂಜಿ ಚುಚ್ಚಿದಲ್ಲೆಲ್ಲ ಸೀಳುತ್ತದೆ. ಮೈ ಮತ್ತು ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿರುತ್ತಾರಲ್ಲ, ಆ ಗೆರೆಯಿಂದ ನಾಲ್ಕು ಬೆರಳು ಈಚೆಗೆ ಕತ್ತರಿಸಿ. ಗುಳೇದಗುಡ್ಡದ ಹಳೆ ಕುಪ್ಪಸದ ಖಣದ ಚೂರುಗಳನ್ನು ಅಂಚಿಗೆ ಹಾಕಿ ನೋಡಿದೆ, ಬಹಳ ಚಂದ ಕಂಡಿತು. ಆದರೆ ನಾನು ಹಾಕಿದ ಕೆಂಪು ಚೂರು ಬಣ್ಣ ಬಿಟ್ಟು ಬಿಳಿ ಧೋತರವೆಲ್ಲ ಗುಲಾಬಿಯಾಯಿತು. ಅದೂ ಆರ್ಡರಿನ ಕೌದಿ, 700 ರೂಪಾಯಿ ಬಿಟ್ಟು ಕೊಡಬೇಕಾಯಿತು. ಈಗ ಕೆಂಪು ಯಾವುದೇ ಇರಲಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಒದ್ದೆ ಮಾಡಿ ಒಂದು ರಾತ್ರಿ ಇಟ್ಟು ನೋಡುತ್ತೇನೆ. ಜೀನ್ಸ್ ಸಹ ಹಾಕಿದ್ದೆ, ಎರಡು ಸೂಜಿ ಮುರಿದವು, ಬಿಟ್ಟೆ. ದಾಳಿಂಬೆ ಸಿಪ್ಪೆ ಕುದಿಸಿ ಧೋತರಕ್ಕೆ ಹಳದಿ ಬಣ್ಣ ಹಿಡಿಸುವುದು ಮಾತ್ರ ಚೆನ್ನಾಗಿ ಬಂತು. ಬಾಣಂತಿಯರಿಗೆ ಕೊಡುವ ಕೂಸಿನ ಕೌದಿಗೆ ಈಗ ಅದನ್ನೇ ಹಾಕುತ್ತೇವೆ.

ದುಡ್ಡಿನ ಮಾತು. ಸೀರೆ ಮನೆಮನೆಯದು, ದಾರಕ್ಕೆ 250ರಿಂದ 300. ನಾಲ್ವರು ಸೇರಿ ಹೆಚ್ಚುಕಡಿಮೆ 120 ಗಂಟೆ. ಮೊದಲು 1,800ಕ್ಕೆ ಮಾರಿದೆವು, ಗಂಟೆಗೆ ಹದಿನೈದು ರೂಪಾಯಿಯೂ ಬೀಳಲಿಲ್ಲ. ಬೆಂಗಳೂರಿನ ಒಂದು ಅಂಗಡಿಯವರು ಮೂರು ಒಯ್ದು ಏಳು ತಿಂಗಳು ದುಡ್ಡೇ ಕೊಡಲಿಲ್ಲ. ಈಗ 4,500, ಅರ್ಧ ಮುಂಗಡ ಬಂದ ಮೇಲೆಯೇ ಸೂಜಿಗೆ ದಾರ ಪೋಣಿಸುವುದು. ಖರ್ಚು ಕಳೆದು ಗಂಟೆಗೆ 35ರ ಸುತ್ತಮುತ್ತ ಬರುತ್ತದೆ. ಇದು ಇನ್ನೂ ಕಡಿಮೆಯೇ. ಬರುವ ವರ್ಷ 6,000 ಕೇಳುತ್ತೇನೆ.

ಹೋದ ನವರಾತ್ರಿಗೆ ಮೊದಲು ಮನೆಯ ಹಾಸಿಗೆಯೆಲ್ಲ ತೊಳೆಯುವಾಗ ಹೊಸ ವಿಧಾನದ ಮೊದಲ ಕೌದಿಯನ್ನೂ ಕಲ್ಲಿಗೆ ಹಾಕಿ ಚೆನ್ನಾಗಿ ಒಗೆದೆ. ಇಬ್ಬರು ಹಿಂಡಿದೆವು. ಎರಡು ದಿನ ಬಿಸಿಲಿಗೆ ಒಣಗಿಸಿ ಪಡಸಾಲೆಯಲ್ಲಿ ಹಾಸಿದಾಗ "ಗುಡ್ಡ ಆಗತೈತಿ" ಅಂದವರೇ ಬಂದು ನಡುವೆ ಅಂಗೈ ಇಟ್ಟು ಎರಡು ಸಲ ಸವರಿದರು. "ಸಪಾಟ ಐತಲ್ರೀ" ಅಂದರು. ಈಗ ನಮ್ಮ ಕೌದಿಯ ಮೂಲೆಗೂ ಫೂಲ ಇಡುತ್ತೇವೆ, ಅದು ಅವರದೇ ಕೆಲಸ. ಫೂಲ ಮಡಚುವುದನ್ನು ಅವರಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಮಾಡುವುದಿಲ್ಲ.