ರೀಫ್ ಟ್ಯಾಂಕಿಗೆ ಬೆಳದಿಂಗಳು: ಎಷ್ಟು ಬೆಳಕು, ಯಾವ ಹೊತ್ತಿಗೆ

ಹವಳ ಸಾಕುವ ಮನೆಯ ಅಕ್ವೇರಿಯಂಗಳಲ್ಲಿ ಮುಖ್ಯ ದೀಪ ಆರಿದ ಮೇಲೆ ನೀಲಿ ಎಲ್‌ಇಡಿ ಒಂದನ್ನು ಬೆಳಗಿನವರೆಗೆ ಉರಿಸುವುದು ಈಗ ರೂಢಿಯಾಗಿದೆ, ಅದಕ್ಕೆ ಮೂನ್‌ಲೈಟ್ ಎಂಬ ಹೆಸರೂ ನೆಲೆಗೊಂಡಿದೆ. ಈ ದೀಪಗಳ ಪೈಕಿ ಬಹಳಷ್ಟು ಹುಣ್ಣಿಮೆಯ ಚಂದ್ರನಿಗಿಂತ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಪ್ರಖರವಾಗಿರುತ್ತವೆ; ಅಮಾವಾಸ್ಯೆಯಾಗಲಿ ಹುಣ್ಣಿಮೆಯಾಗಲಿ ಒಂದೇ ಹೊತ್ತಿಗೆ ಹೊತ್ತಿಕೊಂಡು ಒಂದೇ ಸಮನೆ ಉರಿಯುತ್ತವೆ. ಸಮುದ್ರದಲ್ಲಿ ಇಂಥ ರಾತ್ರಿ ಎಂದೂ ಇರುವುದಿಲ್ಲ. ಅಲ್ಲಿ ತಿಂಗಳ ಬಹುಪಾಲು ರಾತ್ರಿಗಳಲ್ಲಿ ಕತ್ತಲೆಗೂ ಒಂದು ಪಾಲಿದೆ, ಆ ಪಾಲು ದಿನದಿನಕ್ಕೆ ಬದಲಾಗುತ್ತಾ ಹೋಗುತ್ತದೆ. ಆದ್ದರಿಂದ ಬೆಳದಿಂಗಳ ವ್ಯವಸ್ಥೆಯನ್ನು ಮಾಡಲು ಹೊರಟವರು ದೀಪವನ್ನು ಕೊಳ್ಳುವ ಮೊದಲು ಎರಡು ವಿಷಯಗಳನ್ನು ತಿಳಿದುಕೊಳ್ಳಬೇಕು: ಬೆಳಕು ಎಷ್ಟು ಕಡಿಮೆ ಇರಬೇಕು ಎಂಬುದು ಒಂದು, ಕತ್ತಲೆ ಯಾವಾಗ ಇರಬೇಕು ಎಂಬುದು ಇನ್ನೊಂದು.

ಚಂದ್ರನ ಬೆಳಕಿನ ಅಳತೆ

ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್ ಇದ್ದರೆ, ಆಕಾಶ ತಿಳಿಯಾಗಿದ್ದು ಚಂದ್ರ ನೆತ್ತಿಯ ಮೇಲಿರುವ ಹುಣ್ಣಿಮೆಯ ಬೆಳಕು ಕೇವಲ 0.25 ಲಕ್ಸಿನ ಆಸುಪಾಸಿನಲ್ಲಿರುತ್ತದೆ, ಎಂದರೆ ಬಿಸಿಲಿನ ನಾಲ್ಕು ಲಕ್ಷದಲ್ಲಿ ಒಂದು ಭಾಗ. ಅರ್ಧಚಂದ್ರ ಹುಣ್ಣಿಮೆಯ ಅರ್ಧದಷ್ಟು ಬೆಳಕು ಕೊಡುತ್ತಾನೆ ಎಂದು ಭಾವಿಸುವುದು ಸಹಜ; ಆದರೆ ಅಷ್ಟಮಿಯ ಚಂದ್ರನ ಮೇಲ್ಮೈಗೆ ಬಿಸಿಲು ಓರೆಯಾಗಿ ಬಿದ್ದು ಅಲ್ಲಿನ ಏರುತಗ್ಗುಗಳು ನೆರಳು ಚೆಲ್ಲುವುದರಿಂದ, ಆ ಬೆಳಕು ಹುಣ್ಣಿಮೆಯ ಹತ್ತನೇ ಒಂದು ಭಾಗದಷ್ಟೇ ಇರುತ್ತದೆ. ಹುಣ್ಣಿಮೆಗೆ ಶೇ. 100, ಅಷ್ಟಮಿಗೆ ಶೇ. 50 ಎಂದು ಲೆಕ್ಕ ಹಾಕುವ ದೀಪಗಳು ಇದರಿಂದಾಗಿಯೇ ತಪ್ಪುತ್ತವೆ.

ದೊಡ್ಡ ರೀಫ್ ದೀಪಗಳ ನೀಲಿ ಚಾನಲನ್ನು ಶೇ. 1ಕ್ಕೆ ಇಳಿಸಿ ಅದನ್ನೇ ಬೆಳದಿಂಗಳೆಂದು ಬಿಡುವವರು ಹೆಚ್ಚು. ಪೂರ್ಣ ಪ್ರಮಾಣದಲ್ಲಿ 300 ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಅಳತೆ) ಕೊಡುವ ದೀಪ ಶೇ. 1ರಲ್ಲಿ 3 ಪಾರ್ ಕೊಡುತ್ತದೆ. ಹುಣ್ಣಿಮೆಯ ಬೆಳಕನ್ನು ಅದೇ ಮಾನದಲ್ಲಿ ಹೇಳುವುದಾದರೆ ಅದು ಸುಮಾರು 0.005 ಪಾರ್. ಹೀಗಾಗಿ ಅತ್ಯಂತ ಮಂದವೆಂದು ನಾವು ಅಂದುಕೊಳ್ಳುವ ಬೆಳಕೂ ಚಂದ್ರನ ಆರುನೂರು ಪಟ್ಟು ಆಗಿರುತ್ತದೆ. ಹವಳದ ಒಳಗಿರುವ ಪಾಚಿಗಳ ದ್ಯುತಿಸಂಶ್ಲೇಷಣೆಗೆ ನಿಜವಾದ ಬೆಳದಿಂಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಹವಳ ಬೇಗ ಬೆಳೆಯಲಿ ಎಂದು ರಾತ್ರಿಯ ದೀಪವನ್ನು ಹೆಚ್ಚಿಸುವುದರಿಂದ ಅದರ ವಿಶ್ರಾಂತಿ ಕೆಡುತ್ತದೆ, ಗಾಜಿನ ಮೇಲಿನ ಪಾಚಿಗಷ್ಟೇ ಅನುಕೂಲವಾಗುತ್ತದೆ.

ಇಷ್ಟು ಮಂದ ಬೆಳಕನ್ನು ಅಳೆಯಲು ಪಾರ್ ಮೀಟರ್ ಉಪಯೋಗಕ್ಕೆ ಬಾರದು, ಅಗ್ಗದ ಲಕ್ಸ್ ಮೀಟರುಗಳೂ ಸೊನ್ನೆಯನ್ನೇ ತೋರಿಸುತ್ತವೆ. ಅದಕ್ಕೆ ನಾನು ನೆಚ್ಚುವುದು ಎರಡು ಪರೀಕ್ಷೆಗಳನ್ನು. ಮೊದಲನೆಯದು ಕಣ್ಣಿನದು. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಮೊಬೈಲನ್ನು ದೂರವಿಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಂತೆ ಕಡಿಮೆಯೆಂದರೂ ಇಪ್ಪತ್ತು ನಿಮಿಷ ಟ್ಯಾಂಕಿನ ಮುಂದೆ ಕುಳಿತುಕೊಳ್ಳಬೇಕು. ಆಗ ಕಲ್ಲುಗಳ ಆಕಾರ, ಈಜುವ ಮೀನಿನ ನೆರಳು ಕಾಣಬೇಕು. ಹವಳಗಳ ಬಣ್ಣ ಕಾಣಬಾರದು. ಬೆಳದಿಂಗಳಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗುರುತಿಸುವ ಶಕ್ತಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಹವಳಗಳು ಹಸಿರು, ಕಿತ್ತಳೆ ಬಣ್ಣಗಳಲ್ಲಿ ಹೊಳೆಯುತ್ತಿದ್ದರೆ ನೋಡಲು ಎಷ್ಟೇ ಸೊಗಸಾಗಿರಲಿ, ಆ ದೀಪ ಬೆಳದಿಂಗಳ ಮಟ್ಟವನ್ನು ಬಹಳ ದೂರ ದಾಟಿದೆ ಎಂದೇ ತಿಳಿಯಬೇಕು. ಎರಡನೆಯ ಪರೀಕ್ಷೆ ಕ್ಯಾಮೆರಾದ್ದು. ದೀಪ ಬಿಳಿಯದಾಗಿದ್ದರೆ ನೀರಿನ ಮಟ್ಟದಲ್ಲಿ ಒಂದು ಬೂದು ಬಣ್ಣದ ರಟ್ಟನ್ನು ಹಿಡಿದು, ಐಎಸ್‌ಒ 1600, ಎಫ್ 2.8, ನಾಲ್ಕು ಸೆಕೆಂಡ್ ಎಂದು ಹೊಂದಿಸಿ ಚಿತ್ರ ತೆಗೆಯಬೇಕು. ರಟ್ಟು ಸರಿಯಾದ ಬೂದು ಬಣ್ಣದಲ್ಲೇ ಮೂಡಿದರೆ ಬೆಳಕು ಹುಣ್ಣಿಮೆಯ ಹತ್ತಿರದಲ್ಲಿದೆ, ಬಿಳಿಚಿಕೊಂಡರೆ ಇನ್ನೂ ಇಳಿಸಬೇಕು. ನೀಲಿ ದೀಪಕ್ಕೆ ಈ ಲೆಕ್ಕ ಅಷ್ಟು ಸರಿಹೊಂದುವುದಿಲ್ಲ, ಅಲ್ಲಿ ಕಣ್ಣಿನ ಪರೀಕ್ಷೆಯೇ ಸಾಕು.

ದೀಪದ ಬಣ್ಣ ಮತ್ತು ಜೋಡಣೆ

ಚಂದ್ರನದು ಪ್ರತಿಫಲಿತ ಬಿಸಿಲು. ಅದರ ಬಣ್ಣ ಬಿಸಿಲಿಗಿಂತ ತುಸು ಕೆಂಪಿನ ಕಡೆಗೇ ಇದೆ. ಅದು ನೀಲಿಯಾಗಿ ತೋರುವುದು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಲಸ ಮಾಡುವ ರೀತಿಯಿಂದ. ಆದರೆ ಸಮುದ್ರದ ನೀರು ಕೆಂಪನ್ನು ಬೇಗ ಹೀರಿಕೊಳ್ಳುವುದರಿಂದ ಕೆಲವು ಮೀಟರ್ ಆಳದ ಹವಳಗಳಿಗೆ ತಲುಪುವ ಬೆಳದಿಂಗಳಿನಲ್ಲಿ ನೀಲಿಯ ಪಾಲು ನಿಜವಾಗಿಯೂ ಹೆಚ್ಚು. ಹವಳಗಳಲ್ಲಿ ನೀಲಿ ಬೆಳಕನ್ನು ಗ್ರಹಿಸುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನುಗಳಿವೆ ಎಂಬುದನ್ನೂ, ಅವುಗಳ ಜೀನುಗಳಲ್ಲೊಂದು ಬೆಳದಿಂಗಳಿಗೆ ಸ್ಪಂದಿಸುತ್ತದೆ ಎಂಬುದನ್ನೂ 2007ರಲ್ಲಿ ಅಕ್ರೋಪೋರಾ ಮಿಲ್ಲೆಪೋರಾ ಹವಳದ ಮೇಲೆ ನಡೆದ ಅಧ್ಯಯನ ತೋರಿಸಿತು. ಹೀಗಾಗಿ ನೀಲಿ ದೀಪವನ್ನು ತಪ್ಪೆನ್ನುವಂತಿಲ್ಲ. 450ರಿಂದ 470 ನ್ಯಾನೋಮೀಟರಿನ ನೀಲಿಯಾದರೂ ಸರಿ, ಸಾಧಾರಣ ಬಿಳಿಯಾದರೂ ಸರಿ. ಬಣ್ಣದ ಆಯ್ಕೆಗಿಂತ ಪ್ರಮಾಣದ ಹಿಡಿತ ಮುಖ್ಯ.

ಮುಖ್ಯ ದೀಪದಿಂದ ಅಷ್ಟು ಕಡಿಮೆ ಬೆಳಕು ಹೊರಡದು ಎಂದಾದ ಮೇಲೆ ಪ್ರತ್ಯೇಕವಾದ ಒಂದು ಚಿಕ್ಕ ದೀಪವನ್ನು ಕಟ್ಟಿಕೊಳ್ಳುವುದೇ ಒಳ್ಳೆಯದು. ಮೂರು ಅಡಿಯ ಟ್ಯಾಂಕಿಗೆ 5 ಮಿಲಿಮೀಟರಿನ ಎರಡು ಎಲ್‌ಇಡಿಗಳು ಧಾರಾಳವಾಗಿ ಸಾಲುತ್ತವೆ. ಇವೆರಡನ್ನೂ ಸರಣಿಯಲ್ಲಿ ಜೋಡಿಸಿ, ಅದೇ ಸರಣಿಯಲ್ಲಿ 1 ಕಿಲೋ ಓಮಿನ ಒಂದು ರೆಸಿಸ್ಟರನ್ನೂ 100 ಕಿಲೋ ಓಮಿನ ಒಂದು ಪೊಟೆನ್ಷಿಯೋಮೀಟರನ್ನೂ ಸೇರಿಸಿ, 12 ವೋಲ್ಟಿನ ಡಿಸಿ ಅಡಾಪ್ಟರಿಗೆ ಕೊಟ್ಟರೆ, ಗುಂಡಿಯನ್ನು ತಿರುಗಿಸುತ್ತಾ ವಿದ್ಯುತ್ತನ್ನು ಸುಮಾರು 6 ಮಿಲಿಆಂಪಿನಿಂದ ಅದರ ನೂರನೇ ಒಂದು ಭಾಗದವರೆಗೆ ಇಳಿಸಬಹುದು. 1 ಕಿಲೋ ಓಮಿನ ರೆಸಿಸ್ಟರನ್ನು ಬಿಡಕೂಡದು, ಗುಂಡಿ ಪೂರ್ತಿ ತಿರುಗಿದಾಗ ಎಲ್‌ಇಡಿ ಸುಟ್ಟುಹೋಗದಂತೆ ಕಾಯುವುದು ಅದೇ. ಬೆಂಗಳೂರಿನವರಿಗೆ ಇವೆಲ್ಲ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಪಾರದರ್ಶಕ ತಲೆಯ ಎಲ್‌ಇಡಿ ಬೆಳಕನ್ನು ಒಂದೇ ಕಡೆ ಗುಂಡಗೆ ಚೆಲ್ಲುವುದರಿಂದ ಹಾಲುಬಣ್ಣದ ತಲೆಯದನ್ನು ಕೇಳಿ ತರಬೇಕು. ಕನಿಷ್ಠಕ್ಕೆ ಇಳಿಸಿದ ಮೇಲೂ ಬೆಳಕು ಹೆಚ್ಚೆನಿಸಿದರೆ ಎಲ್‌ಇಡಿಯ ಮುಂದೆ ಟ್ರೇಸಿಂಗ್ ಪೇಪರಿನ ಪದರಗಳನ್ನು ಒಂದೊಂದಾಗಿ ಅಂಟಿಸುತ್ತಾ ಹೋಗಬಹುದು. ಉದ್ದನೆಯ ಸ್ಟ್ರಿಪ್ಪಿಗಿಂತ ಒಂದೆರಡು ಬಿಂದುದೀಪಗಳನ್ನು ನಾನು ಮೆಚ್ಚುತ್ತೇನೆ. ನೀರಿನ ಮೇಲ್ಮೈ ಅಲುಗಿದಂತೆಲ್ಲ ಮರಳಿನ ಮೇಲೆ ಬೆಳಕಿನ ಗೆರೆಗಳು ಓಡಾಡುವುದು ಬಿಂದುದೀಪದಿಂದ ಮಾತ್ರ ಸಾಧ್ಯ.

ಇಎಸ್‌ಪಿ32 ಅಥವಾ ಆರ್ಡುಯಿನೋದಂಥ ಪುಟ್ಟ ನಿಯಂತ್ರಕ ಬೋರ್ಡುಗಳಿಂದ ದೀಪ ನಡೆಸುವವರು ನೆನಪಿಡಬೇಕಾದ ಮಾತೊಂದಿದೆ. 8 ಬಿಟ್‌ನ ಪಿಡಬ್ಲ್ಯೂಎಂನಲ್ಲಿ (ದೀಪವನ್ನು ಅತಿ ವೇಗವಾಗಿ ಹೊತ್ತಿಸಿ ಆರಿಸಿ ಬೆಳಕು ತಗ್ಗಿಸುವ ವಿಧಾನ) ಕನಿಷ್ಠ ಹೆಜ್ಜೆಯೆಂದರೆ 255ರಲ್ಲಿ ಒಂದು ಭಾಗ, ಹುಣ್ಣಿಮೆಯಿಂದ ಎಳೆಯ ಚಂದ್ರನವರೆಗಿನ ಏರಿಳಿತವೆಲ್ಲ ಈ ಹೆಜ್ಜೆಗಳೊಳಗೇ ಹಿಡಿಯಬೇಕು. ಆದ್ದರಿಂದ ಗುಂಡಿಯಿಂದ ಮೊದಲು ಹುಣ್ಣಿಮೆಯ ಮಟ್ಟವನ್ನು ಗೊತ್ತುಮಾಡಿ, ಅದನ್ನು 255 ಎಂದು ಇಟ್ಟುಕೊಂಡು, ಅಲ್ಲಿಂದ ಕೆಳಗಿನದನ್ನಷ್ಟೇ ಪ್ರೋಗ್ರಾಮಿಗೆ ಬಿಡಬೇಕು. ಕರೆಂಟು ಹೋಗಿ ಬಂದಾಗ ಗಡಿಯಾರ ತಪ್ಪದಂತೆ ಬ್ಯಾಟರಿಯಿರುವ ಡಿಎಸ್3231ರಂಥ ಆರ್‌ಟಿಸಿ ಎಂಬ ಗಡಿಯಾರದ ಚಿಪ್ ಬೇಕೇ ಬೇಕು.

ಉಪ್ಪುನೀರಿನ ತುಂತುರು ತಂತಿಯ ಕೂಡುಗಳನ್ನು ಬೇಗ ತಿನ್ನುತ್ತದೆ. ಬೆಸುಗೆಯ ಜಾಗಗಳಿಗೆಲ್ಲ ಸಿಲಿಕೋನ್ ಬಳಿಯಬೇಕು, ಅಡಾಪ್ಟರನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಟ್ಯಾಂಕಿನ ಪಕ್ಕದಲ್ಲಿ ಇಡಬಾರದು, ತಂತಿ ಸಾಕೆಟ್ಟಿಗೆ ಸೇರುವ ಮೊದಲು ಕೆಳಗೆ ಜೋತು ಮತ್ತೆ ಮೇಲಕ್ಕೇರುವಂತೆ ಬಿಟ್ಟರೆ ತಂತಿಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಟ್ಯಾಂಕಿನ ಲೈನಿಗೆ, ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು.

ಪಂಚಾಂಗದ ಪ್ರಕಾರ ಕತ್ತಲೆ

ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಗೆ 29.5 ದಿನ. ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಸಂಕಷ್ಟಿಯ ಉಪವಾಸ ಹಿಡಿಯುವ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಮೇಲೇಳುವ ಚಂದ್ರ, ಬಹುಳ ಚೌತಿಯಂದು ಕಾಣಿಸಿಕೊಳ್ಳಲು ರಾತ್ರಿ ಒಂಬತ್ತರ ಆಸುಪಾಸಾಗುತ್ತದೆ. ಸೂರ್ಯಾಸ್ತಕ್ಕೂ ಚಂದ್ರೋದಯಕ್ಕೂ ನಡುವೆ ಬರುವ ಈ ಎರಡು ಮೂರು ಗಂಟೆಗಳ ಕತ್ತಲೆಯೇ ಹವಳಗಳಿಗೆ ಬಹು ಮುಖ್ಯವಾದ ಸೂಚನೆ ಎಂದು ತೈವಾನಿನಲ್ಲಿ ಡಿಪ್ಸಾಸ್ಟ್ರೇಯಾ ಸ್ಪೆಸಿಯೋಸಾ ಎಂಬ ಹವಳದ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಸಂಶೋಧನೆ ಕಂಡುಕೊಂಡಿತು. ಹುಣ್ಣಿಮೆ ಕಳೆದು ಕೆಲವು ರಾತ್ರಿಗಳಾದ ಮೇಲೆ ಹವಳಗಳು ಅಂಡ ಮತ್ತು ವೀರ್ಯವನ್ನು ನೀರಿಗೆ ಬಿಡುವುದು 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಬೆಳಕಿಗೆ ಬಂದಿತ್ತು. ಆ ಕೆಲವು ರಾತ್ರಿಗಳು ಏಕೆ ಎಂಬುದಕ್ಕೆ ಈ ಕತ್ತಲೆಯ ಅಂತರ ಒಂದು ಉತ್ತರವನ್ನು ಕೊಡುತ್ತದೆ. ಮುಖ್ಯ ದೀಪ ಆರಿದ ಕೂಡಲೇ ಪ್ರತಿ ರಾತ್ರಿ ಮೂನ್‌ಲೈಟ್ ಹೊತ್ತಿಕೊಳ್ಳುವಂತೆ ಟೈಮರ್ ಇಟ್ಟರೆ ನಾವು ಅಳಿಸಿಹಾಕುವುದು ಸರಿಯಾಗಿ ಈ ಅಂತರವನ್ನೇ.

ಅಪೆಕ್ಸ್‌ನಂಥ ಕಂಟ್ರೋಲರುಗಳಲ್ಲಿ ಚಂದ್ರನ ಉದಯಾಸ್ತಗಳನ್ನು ಅನುಸರಿಸುವ ಸೌಲಭ್ಯವಿದೆ. ಅದಿಲ್ಲದವರು ಒಂದು ಸ್ಮಾರ್ಟ್ ಪ್ಲಗ್ಗನ್ನೂ ಗೋಡೆಯ ಕ್ಯಾಲೆಂಡರನ್ನೂ ಇಟ್ಟುಕೊಂಡು ವಾರಕ್ಕೊಮ್ಮೆ ಸಮಯ ಬದಲಿಸಿದರೂ ಸಾಕಷ್ಟು ಹತ್ತಿರ ಬರಬಹುದು. ಅಮಾವಾಸ್ಯೆಯ ಹಿಂದುಮುಂದಿನ ಮೂರು ನಾಲ್ಕು ದಿನ ದೀಪ ಪೂರ್ತಿ ಆರಿರಬೇಕು. ಶುಕ್ಲ ಅಷ್ಟಮಿಯ ವಾರದಲ್ಲಿ ಮುಸ್ಸಂಜೆಯಿಂದ ನಡುರಾತ್ರಿಯವರೆಗೆ, ಬಹಳ ಮಂದವಾಗಿ. ಹುಣ್ಣಿಮೆಯ ಎರಡು ಮೂರು ದಿನ ಇಡೀ ರಾತ್ರಿ. ಆಮೇಲಿನ ವಾರ ಮಾತ್ರ ಕೊಂಚ ಶ್ರದ್ಧೆ ಬೇಡುತ್ತದೆ: ಬಿದಿಗೆಯಿಂದ ಅಷ್ಟಮಿಯವರೆಗೆ ದೀಪ ಹೊತ್ತುವ ಸಮಯವನ್ನು ದಿನವೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮುಂದಕ್ಕೆ ತಳ್ಳುತ್ತಾ ಹೋಗಿ, ಅಷ್ಟಮಿಯ ಹೊತ್ತಿಗೆ ನಡುರಾತ್ರಿಗೆ ತರಬೇಕು, ಬೆಳಗಿನ ದೀಪ ಏಳುವವರೆಗೆ ಅದು ಉರಿಯಬೇಕು. ಟ್ಯಾಂಕಿನ ಹಗಲು ಮನೆಯ ಹಗಲಿಗಿಂತ ಮೂರು ನಾಲ್ಕು ಗಂಟೆ ತಡವಾಗಿ ನಡೆಯುತ್ತಿದ್ದರೆ ಈ ಲೆಕ್ಕಗಳನ್ನೂ ಅಷ್ಟೇ ಗಂಟೆ ಸರಿಸಿಕೊಳ್ಳಬೇಕು. ಟ್ಯಾಂಕಿನ ಮಟ್ಟಿಗೆ ಅದರ ಮುಖ್ಯ ದೀಪವೇ ಸೂರ್ಯ.

ಇಷ್ಟೆಲ್ಲ ಮಾಡಿದರೂ ಕೋಣೆಯ ಬೆಳಕು ಅದನ್ನು ಕೆಡಿಸಬಲ್ಲದು. ನೂರು ಲಕ್ಸಿನ ಟ್ಯೂಬ್‌ಲೈಟಿನ ಕೆಳಗೆ ರಾತ್ರಿ ಹನ್ನೊಂದರವರೆಗೆ ಟಿವಿ ನೋಡುವ ಹಾಲಿನಲ್ಲಿ ಟ್ಯಾಂಕಿದ್ದರೆ ಅದರ ಮೇಲೆ ನೂರಾರು ಹುಣ್ಣಿಮೆಗಳ ಬೆಳಕು ಬೀಳುತ್ತಿರುತ್ತದೆ. ಮಲಗುವ ಮೊದಲು ಹಚ್ಚಿಡುವ ಜೀರೋ ಬಲ್ಬ್ ಕೂಡ ಹುಣ್ಣಿಮೆಯನ್ನು ಮೀರಿಸುತ್ತದೆ, ಕಿಟಕಿಯಿಂದ ಬರುವ ಬೀದಿದೀಪವೂ ಹಾಗೆಯೇ. ಟ್ಯಾಂಕಿನ ಮುಖ್ಯ ದೀಪ ಆರಿದ ಮೇಲೆ ಮುಂಭಾಗಕ್ಕೆ ದಪ್ಪನೆಯ ಕಪ್ಪು ಬಟ್ಟೆಯೊಂದನ್ನು ಇಳಿಬಿಡುವುದು ಬೆಳದಿಂಗಳ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಪರಿಣಾಮಕಾರಿ ಭಾಗ ಎಂದು ನನಗನಿಸುತ್ತದೆ. ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ಟಿನೊಳಗಿರುವ ಸಂಪಿನಲ್ಲಿ (ನೀರನ್ನು ಶುದ್ಧಿಮಾಡುವ ತೊಟ್ಟಿ) ಕೀಟೋಮಾರ್ಫಾ ಪಾಚಿ ಬೆಳೆಸಲು ರಾತ್ರಿ ದೀಪ ಉರಿಸುವವರು, ಆ ಬೆಳಕು ಕ್ಯಾಬಿನೆಟ್ಟಿನ ಸಂದುಗಳಿಂದ ಮೇಲಕ್ಕೆ ಬರುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ರಾತ್ರಿ ಏನನ್ನು ನೋಡಬೇಕು, ಏನನ್ನು ನಿರೀಕ್ಷಿಸಬೇಕು

ಸರಿಯಾದ ಮಂದ ಬೆಳಕಿನಲ್ಲಿ ಟ್ಯಾಂಕಿನ ಇನ್ನೊಂದು ಜೀವನ ಕಾಣಸಿಗುತ್ತದೆ. ಹ್ಯಾಲಿಕೋರೆಸ್ ಜಾತಿಯ ರಾಸ್ ಮೀನು ದೀಪ ಇಳಿಯತೊಡಗಿದಾಗಲೇ ಒಂದೆರಡು ಸುತ್ತು ಮರಳಿನ ಮೇಲೆ ಸುಳಿದಾಡಿ ತಲೆ ತೂರಿಸಿ ಮಾಯವಾಗುತ್ತದೆ. ಹಗಲಿಡೀ ಗಂಟುಕಟ್ಟಿದ ಕಲ್ಲಿನಂತೆ ಕಾಣುವ ಫೇವೈಟಿಸ್ ಹವಳ ಕತ್ತಲಾದ ಮೇಲೆ ಬಾಯಿಬಾಯಿಯ ಸುತ್ತಲೂ ತೆಳ್ಳನೆಯ ಕೈಗಳನ್ನು ಹೊರಚಾಚುತ್ತದೆ; ಅಂಚಿನ ಕೆಲವು ಕೈಗಳು ಬಹಳ ಉದ್ದವಾಗಿ ಬೆಳೆದು, ನೀರಿನ ಹರಿವಿಗೆ ಬಾಗುತ್ತಾ ಪಕ್ಕದ ಹವಳವನ್ನು ತಡವಿ ಕುಟುಕುತ್ತವೆ. ಹವಳಗಳ ನಡುವೆ ಎಷ್ಟು ಅಂತರ ಬಿಡಬೇಕೆಂಬುದನ್ನು ಹಗಲಿನಲ್ಲಿ ಅಂದಾಜು ಮಾಡುವುದಕ್ಕಿಂತ ಇದನ್ನು ನೋಡಿ ತೀರ್ಮಾನಿಸುವುದು ಸರಿ. ಹತ್ತಿರದಿಂದ ನೋಡಲು ಕೆಂಪು ಟಾರ್ಚ್ ಬಳಸಬೇಕು, ಅದನ್ನೂ ಸ್ವಲ್ಪ ಹೊತ್ತು ಮಾತ್ರ.

ಮನೆಯ ಟ್ಯಾಂಕಿನಲ್ಲಿ ಕಲ್ಲು ಹವಳಗಳು ಸಂತಾನೋತ್ಪತ್ತಿ ಮಾಡಲು ಬೆಳದಿಂಗಳೊಂದೇ ಸಾಲದು. ಜೇಮೀ ಕ್ರಾಗ್ಸ್ ನೇತೃತ್ವದಲ್ಲಿ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ 2017ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಚಂದ್ರನ ಚಕ್ರದ ಜೊತೆಗೆ ವರ್ಷವಿಡೀ ನೀರಿನ ಉಷ್ಣತೆ, ಹಗಲಿನ ಉದ್ದ, ಬೆಳಕಿನ ತೀವ್ರತೆ ಎಲ್ಲವನ್ನೂ ಮೂಲ ರೀಫಿನಂತೆಯೇ ಬದಲಿಸಲಾಗುತ್ತಿತ್ತು, ಹವಳಗಳೂ ಪ್ರೌಢವಾಗಿದ್ದವು. ಅದೇ ದಾರಿಯಲ್ಲಿ ಫ್ಲೋರಿಡಾ ಅಕ್ವೇರಿಯಂ 2019ರಲ್ಲಿ ಕಂಬ ಹವಳದಿಂದ ಅಂಡಗಳನ್ನು ಪಡೆಯಿತು. ಭಾರತದಲ್ಲಿರುವವರು ಇನ್ನೊಂದನ್ನು ಮರೆಯಬಾರದು: ನಮ್ಮ ಸಮುದ್ರದ ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಅವನ್ನು ತೆಗೆಯುವುದೂ ಮಾರುವುದೂ ಅಪರಾಧ.

ಮೀನುಗಳ ವಿಷಯದಲ್ಲಿ ನಿರೀಕ್ಷೆ ಹೆಚ್ಚಿಟ್ಟುಕೊಳ್ಳಬಹುದು. ಕ್ಲೌನ್ ಮೀನಿನ ಜೋಡಿ ಕಲ್ಲಿಗೆ ಅಂಟಿಸಿದ ಮೊಟ್ಟೆಗಳು ಉಷ್ಣತೆಗೆ ತಕ್ಕಂತೆ ಏಳರಿಂದ ಹತ್ತು ದಿನಗಳಲ್ಲಿ, ದೀಪ ಆರಿದ ಒಂದೆರಡು ಗಂಟೆಯೊಳಗೆ ಒಡೆಯುತ್ತವೆ. ಮೊಟ್ಟೆಗಳಲ್ಲಿ ಬೆಳ್ಳಿಯ ಬಣ್ಣದ ಕಣ್ಣುಗಳು ಸ್ಪಷ್ಟವಾಗಿ ಹೊಳೆಯತೊಡಗಿದ ಮೇಲೆ, ಅಂದು ಹುಣ್ಣಿಮೆಯೇ ಆಗಿರಲಿ, ಮೂನ್‌ಲೈಟನ್ನು ಪೂರ್ತಿ ತೆಗೆದುಬಿಡಬೇಕು. ಚೂರು ಬೆಳಕು ಸೋರಿದರೂ ಮೊಟ್ಟೆ ಒಡೆಯುವುದು ತಡವಾಗಬಹುದು. ಮರಿಗಳನ್ನು ಹಿಡಿಯುವುದಾದರೆ ಅವು ಹೊರಬಂದ ಬಳಿಕ ಒಂದೇ ಮೂಲೆಗೆ ಟಾರ್ಚ್ ಹಿಡಿದು ಕಾಯಬೇಕು, ಬೆಳಕಿದ್ದ ಕಡೆಗೆ ಅವು ತಾವಾಗಿಯೇ ಗುಂಪುಗೂಡುತ್ತವೆ. ಪಂಪು ಮತ್ತು ನೊರೆಯೊಡನೆ ಕೊಳೆ ತೆಗೆಯುವ ಸ್ಕಿಮ್ಮರನ್ನು ಅಷ್ಟು ಹೊತ್ತು ನಿಲ್ಲಿಸಿರಬೇಕು, ಮರಿಗಳನ್ನು ಲೋಟದಲ್ಲಿ ನೀರಿನ ಸಮೇತ ಎತ್ತಬೇಕು, ಬಲೆ ಹಾಕಬಾರದು.