ತಲೆಗೂದಲಿನ ಮಾತ್ರೆ, ಎದೆಯಲ್ಲಿ ಗಂಟು: ಗಂಡಸರು ಏನು ಮಾಡಬೇಕು?

ಸ್ನಾನ ಮಾಡುವಾಗ ಕೈಗೆ ಏನೋ ತಾಗುತ್ತದೆ. ಮೊಲೆತೊಟ್ಟಿನ ಹಿಂದೆ ಚಿಕ್ಕ ಬಿಲ್ಲೆಯಂಥದ್ದು. ಒತ್ತಿದರೆ ನೋವು. ಅಂಗಿ ಉಜ್ಜಿದರೂ ಚುರುಚುರು. ಕೆಲವು ತಿಂಗಳ ಹಿಂದೆ ಕೂದಲು ಉದುರುವುದು ನಿಲ್ಲಲಿ ಅಂತ ಮಾತ್ರೆ ಶುರು ಮಾಡಿದ್ದು ಆ ಹೊತ್ತಿಗೆ ನೆನಪಾಗುವುದಿಲ್ಲ. ತಲೆಯ ಮಾತ್ರೆಗೂ ಎದೆಗೂ ಎಲ್ಲಿಯ ನಂಟು ಅನಿಸುತ್ತದೆ, ಅಲ್ವಾ?

ನಂಟು ಇದೆ. ಇದಕ್ಕೆ ವೈದ್ಯರು ಗೈನೆಕೊಮಾಸ್ಟಿಯಾ ಅನ್ನುತ್ತಾರೆ. ಅಂದರೆ ಗಂಡಸಿನ ಎದೆಯಲ್ಲಿ ಸ್ತನದ ಗ್ರಂಥಿ ಬೆಳೆಯುವುದು. ಬಹಳ ಗಂಡಸರು ಇದನ್ನು ಯಾರಿಗೂ ಹೇಳುವುದಿಲ್ಲ. ಸಡಿಲ ಅಂಗಿ ಹಾಕುತ್ತಾರೆ, ಭುಜ ಮುಂದೆ ಬಾಗಿಸಿ ನಡೆಯುತ್ತಾರೆ, ಈಜುವುದನ್ನು ಬಿಡುತ್ತಾರೆ. ಹೀಗೆ ಮುಚ್ಚಿಟ್ಟುಕೊಂಡು ಕಳೆದುಹೋಗುವ ತಿಂಗಳುಗಳ ಬಗ್ಗೆಯೇ ನನಗೆ ಚಿಂತೆ. ಮೊದಲ ಆರು ತಿಂಗಳಲ್ಲಿ ಈ ಗಂಟು ಮೆತ್ತಗಿರುತ್ತದೆ, ಕಾರಣ ತೆಗೆದರೆ ಕುಗ್ಗುವ ಸಾಧ್ಯತೆ ಚೆನ್ನಾಗಿರುತ್ತದೆ. ವರ್ಷ ದಾಟಿದರೆ ಒಳಗೆ ನಾರು ಬೆಳೆದು ಗಟ್ಟಿಯಾಗುತ್ತದೆ. ಆಮೇಲೆ ಔಷಧಿಗೆ ಅದು ಬಗ್ಗುವುದು ಕಡಿಮೆ. ಆದ್ದರಿಂದ ಕೆಳಗಿನ ಹೆಜ್ಜೆಗಳನ್ನು ಗಂಟು ಕಂಡ ವಾರದಲ್ಲೇ ಶುರು ಮಾಡಿ.

ಮಾತ್ರೆ ಒಳಗೆ ಏನು ಮಾಡುತ್ತದೆ

ಗಂಡಸರ ಬೋಳುತನಕ್ಕೆ ಹೆಚ್ಚಾಗಿ ಬರೆದುಕೊಡುವ ಮಾತ್ರೆ ಫಿನಾಸ್ಟರೈಡ್. ಅಮೆರಿಕದಲ್ಲಿ 1992ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ, 5 ಮಿಲಿಗ್ರಾಂ ಮಾತ್ರೆಯಾಗಿ. ಕೂದಲಿಗೆಂದು 1 ಮಿಲಿಗ್ರಾಂ ಮಾತ್ರೆ ಬಂದದ್ದು 1997ರಲ್ಲಿ. ಡ್ಯುಟಾಸ್ಟರೈಡ್ ಕೂಡ ಇದೇ ಜಾತಿಯದು, ಆದರೆ ಜೋರು ಜಾಸ್ತಿ.

ನಮ್ಮ ದೇಹದಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನಿನ ಒಂದು ಪಾಲು ಡಿಎಚ್‌ಟಿ ಅನ್ನುವ ಇನ್ನೂ ಬಲವಾದ ಹಾರ್ಮೋನಾಗಿ ಬದಲಾಗುತ್ತದೆ. ನೆತ್ತಿಯ ಕೂದಲಿನ ಬೇರು ಸೊರಗುವುದು ಈ ಡಿಎಚ್‌ಟಿಯಿಂದ. ಮಾತ್ರೆ ಆ ಬದಲಾವಣೆಯನ್ನು ತಡೆಯುತ್ತದೆ. ಫಿನಾಸ್ಟರೈಡ್ ರಕ್ತದ ಡಿಎಚ್‌ಟಿಯನ್ನು ಸುಮಾರು ಶೇ 70ರಷ್ಟು ಇಳಿಸುತ್ತದೆ. ಡ್ಯುಟಾಸ್ಟರೈಡ್ ಶೇ 90ಕ್ಕಿಂತ ಹೆಚ್ಚು.

ಹಾಗಾದರೆ ಬದಲಾಗದೆ ಉಳಿದ ಟೆಸ್ಟೋಸ್ಟೆರಾನ್ ಎಲ್ಲಿ ಹೋಗುತ್ತದೆ? ರಕ್ತದಲ್ಲಿ ಅದರ ಮಟ್ಟ ಸ್ವಲ್ಪ ಏರುತ್ತದೆ. ಅದರಲ್ಲೊಂದಿಷ್ಟು ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನು ಆಗುತ್ತದೆ. ಗಂಡಸಿನ ಎದೆಯಲ್ಲೂ ಹುಟ್ಟಿನಿಂದ ಚೂರು ಸ್ತನ ಗ್ರಂಥಿ ಇದ್ದೇ ಇರುತ್ತದೆ. ಅದನ್ನು ಬೆಳೆಯದಂತೆ ಹಿಡಿದಿಡುವುದು ಗಂಡು ಹಾರ್ಮೋನುಗಳು, ಬೆಳೆಸುವುದು ಈಸ್ಟ್ರೊಜೆನ್. ಹಿಡಿತ ಸಡಿಲವಾಗಿ ಇನ್ನೊಂದು ಕಡೆಯ ಬಲ ಹೆಚ್ಚಾದರೆ ಗ್ರಂಥಿ ಚಿಗುರುತ್ತದೆ. ಒಂದೇ ಕಡೆ ಆಗಬಹುದು, ಎರಡೂ ಕಡೆ ಆಗಬಹುದು.

ಇದು ಎಲ್ಲರಿಗೂ ಆಗುವುದಿಲ್ಲ. ಅಮೆರಿಕದಲ್ಲಿ ನಡೆದ ಪ್ರಾಸ್ಟೇಟ್ ಕ್ಯಾನ್ಸರ್ ತಡೆ ಪ್ರಯೋಗದಲ್ಲಿ 18,882 ಗಂಡಸರು ಏಳು ವರ್ಷ 5 ಮಿಲಿಗ್ರಾಂ ಫಿನಾಸ್ಟರೈಡ್ ಅಥವಾ ಔಷಧಿಯೇ ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡರು. 2003ರಲ್ಲಿ ಫಲಿತಾಂಶ ಹೊರಬಂತು. ಫಿನಾಸ್ಟರೈಡ್ ಗುಂಪಿನಲ್ಲಿ ಶೇ 4.5 ಮಂದಿಗೆ ಎದೆ ಬೆಳೆಯಿತು. ಖಾಲಿ ಮಾತ್ರೆಯ ಗುಂಪಿನಲ್ಲಿ ಶೇ 2.8. ಅವರೆಲ್ಲ 55 ದಾಟಿದವರು, ಫಿನಾಸ್ಟರೈಡ್ ಗುಂಪಿನವರು ಕೂದಲಿಗೆ ಕೊಡುವುದರ ಐದು ಪಟ್ಟು ನುಂಗಿದವರು. ಖಾಲಿ ಮಾತ್ರೆಯ ಗುಂಪಿನ ಅಂಕಿಯನ್ನು ಗಮನಿಸಿ. ಔಷಧಿ ಮುಟ್ಟದವರಲ್ಲೂ ಗಂಟು ಬರುತ್ತದೆ. ಹಾಗಾಗಿ ಮಾತ್ರೆಯನ್ನು ದೂರಿ ಸುಮ್ಮನಾಗುವ ಮುನ್ನ ಬೇರೆ ಕಾರಣಗಳನ್ನೂ ನೋಡಲೇಬೇಕು.

ಹೆಜ್ಜೆ 1: ಗ್ರಂಥಿಯೋ ಕೊಬ್ಬೋ, ಮುಟ್ಟಿ ನೋಡಿ

ಕನ್ನಡಿಯ ಮುಂದೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಅಂಗಾತ ಮಲಗಿ. ಒಂದು ಕೈಯನ್ನು ತಲೆಯ ಕೆಳಗಿಡಿ. ಇನ್ನೊಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಎದೆಯ ಎರಡು ಬದಿಗೆ ಇಟ್ಟು, ನಿಧಾನವಾಗಿ ಮೊಲೆತೊಟ್ಟಿನ ಕಡೆಗೆ ತನ್ನಿ.

ತೊಟ್ಟಿನ ಸರಿಯಾಗಿ ಹಿಂದೆ ರಬ್ಬರಿನಂಥ ದುಂಡನೆಯ ಬಿಲ್ಲೆ ಬೆರಳಿಗೆ ತಡೆದರೆ ಅದು ಗ್ರಂಥಿ. ಹೊಸದಾಗಿದ್ದರೆ ಮುಟ್ಟಿದಾಗ ನೋಯುತ್ತದೆ. ಏನೂ ತಡೆಯದೆ ಬೆರಳುಗಳು ತೊಟ್ಟಿನವರೆಗೆ ಸರಾಗವಾಗಿ ಬಂದರೆ ಅದು ಬಹುಮಟ್ಟಿಗೆ ಬರೀ ಕೊಬ್ಬು. ತೂಕ ಹೆಚ್ಚಾದಾಗ ಎದೆಯಲ್ಲೂ ಕೊಬ್ಬು ಕೂರುತ್ತದೆ. ಅದು ಮಾತ್ರೆಯ ತಪ್ಪಲ್ಲ, ತೂಕ ಇಳಿದರೆ ಇಳಿಯುತ್ತದೆ. ಕೆಲವರಿಗೆ ಎರಡೂ ಸೇರಿರುತ್ತದೆ.

ಹೆಜ್ಜೆ 2: ಈ ಚಿಹ್ನೆ ಇದ್ದರೆ ಕಾಯಬೇಡಿ

ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 1ರಷ್ಟು ಗಂಡಸರದು. ಅಪರೂಪ, ಆದರೆ ಗೊತ್ತಿರಬೇಕು. ಮಾತ್ರೆಯಿಂದ ಬಂದ ಗಂಟು ತೊಟ್ಟಿನ ಮಧ್ಯಕ್ಕೆ ಇರುತ್ತದೆ, ಮೆತ್ತಗಿರುತ್ತದೆ, ಅಲ್ಲಾಡುತ್ತದೆ. ಅದರ ಬದಲು ಗಂಟು ತೊಟ್ಟಿನಿಂದ ಪಕ್ಕಕ್ಕೆ ಸರಿದಿದ್ದರೆ, ಕಲ್ಲಿನಂತೆ ಗಟ್ಟಿಯಾಗಿ ಒಂದೇ ಕಡೆ ಅಂಟಿಕೊಂಡಿದ್ದರೆ, ಚರ್ಮ ಒಳಕ್ಕೆ ಎಳೆದುಕೊಂಡು ಗುಳಿ ಬಿದ್ದಿದ್ದರೆ, ತೊಟ್ಟಿನಿಂದ ರಕ್ತ ಒಸರಿದರೆ, ಕಂಕುಳಲ್ಲಿ ಗಡ್ಡೆ ಸಿಕ್ಕಿದರೆ ಮುಂದಿನ ಹೆಜ್ಜೆಗಳನ್ನು ಓದುತ್ತಾ ಕೂರಬೇಡಿ. ನಾಳೆಯೇ ತೋರಿಸಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ನೋಯದೇ ಇರಬಹುದು. ನೋವಿಲ್ಲ ಅಂತ ನೆಮ್ಮದಿಯಾಗಿರುವುದು ತಪ್ಪು.

ವೃಷಣಗಳನ್ನೂ ಮುಟ್ಟಿ ನೋಡಿಕೊಳ್ಳಿ. ಅಲ್ಲಿನ ಕೆಲವು ಗಡ್ಡೆಗಳು ಹಾರ್ಮೋನು ಸುರಿಸಿ ಎದೆ ಬೆಳೆಸುತ್ತವೆ. ಹುಡುಗ ವಯಸ್ಸಿನವರಿಗೂ ಇದು ಬರಬಹುದು.

ಹೆಜ್ಜೆ 3: ಒಂದು ಹಾಳೆಯಲ್ಲಿ ಬರೆದಿಡಿ

ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಿಂಗಳು ಶುರು, ಗಂಟು ಮೊದಲು ಕಂಡದ್ದು ಯಾವಾಗ, ಯಾವ ಕಡೆ, ನೋವು ಇದೆಯೇ. ಬಿಲ್ಲೆಯ ಅಗಲವನ್ನು ಸ್ಕೇಲ್ ಇಟ್ಟು ಅಂದಾಜು ಬರೆಯಿರಿ. ಮುಂದೆ ಕುಗ್ಗಿತೋ ಬೆಳೆಯಿತೋ ಅಂತ ತಿಳಿಯಲು ಇದೊಂದೇ ಆಧಾರ. ನೆನಪನ್ನು ನಂಬಬೇಡಿ.

ಆಮೇಲೆ ನೀವು ತೆಗೆದುಕೊಳ್ಳುವ ಬೇರೆ ಎಲ್ಲವನ್ನೂ ಬರೆಯಿರಿ. ರಕ್ತದೊತ್ತಡಕ್ಕೆ, ಹೃದಯಕ್ಕೆ ಕೊಡುವ ಸ್ಪಿರೊನೊಲ್ಯಾಕ್ಟೋನ್ ಎದೆ ಬೆಳೆಸುವುದರಲ್ಲಿ ಕುಖ್ಯಾತ. ಹೊಟ್ಟೆಯ ಆಮ್ಲಕ್ಕೆ ಕೊಡುವ ಸಿಮೆಟಿಡಿನ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಶಿಲೀಂಧ್ರ ಸೋಂಕಿಗೆ ನುಂಗುವ ಕೀಟೋಕೊನಜೋಲ್ ಕೂಡ ಈ ಪಟ್ಟಿಯಲ್ಲಿವೆ. ಜಿಮ್‌ಗೆ ಹೋಗುವವರು ಸ್ಟೆರಾಯ್ಡ್ ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ. ಕುಡಿತ ಇದ್ದರೆ ಅದನ್ನೂ. ಗಿಡಮೂಲಿಕೆ ಕ್ಯಾಪ್ಸೂಲ್‌ಗಳನ್ನು ಬಿಡಬೇಡಿ. ಇಲ್ಲಿ ಮುಚ್ಚಿಟ್ಟರೆ ಮೋಸ ಹೋಗುವವರು ನೀವೇ.

ಹೆಜ್ಜೆ 4: ಮಾತ್ರೆ ನಿಲ್ಲಿಸುವ ವಿಷಯ

ಬರೆದುಕೊಟ್ಟ ಡಾಕ್ಟರ್‌ಗೆ ಫೋನ್ ಮಾಡಿ, ಇಲ್ಲವೇ ಹೋಗಿ ಹೇಳಿ. ಬರೀ ಕೂದಲಿಗಾಗಿ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ಅವರು ನಿಲ್ಲಿಸಲು ಹೇಳುತ್ತಾರೆ. ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಹೋಗಬೇಕಾದ ಮಾತ್ರೆ ಇದಲ್ಲ. ಪ್ರಾಸ್ಟೇಟ್ ತೊಂದರೆಗೆ ತೆಗೆದುಕೊಳ್ಳುವವರು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ಮೂತ್ರ ಕಟ್ಟುವ ತೊಂದರೆ ಮತ್ತೆ ಬರಬಹುದು.

ಅರ್ಧ ಮಾತ್ರೆ ತಿಂದರೆ ಸರಿಹೋಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಇದು ಲೆಕ್ಕಕ್ಕೆ ಕೂರುವುದಿಲ್ಲ. ದಿನಕ್ಕೆ 0.2 ಮಿಲಿಗ್ರಾಂ ಫಿನಾಸ್ಟರೈಡ್ ಕೂಡ ರಕ್ತದ ಡಿಎಚ್‌ಟಿಯನ್ನು 1 ಮಿಲಿಗ್ರಾಂನಷ್ಟೇ, ಅಂದರೆ ಹೆಚ್ಚು ಕಡಿಮೆ ಅಷ್ಟೇ ಇಳಿಸುತ್ತದೆ. ಮಾತ್ರೆ ಅರ್ಧವಾಯಿತು ಅಂತ ಪರಿಣಾಮ ಅರ್ಧವಾಗುವುದಿಲ್ಲ.

ಫಿನಾಸ್ಟರೈಡ್ ರಕ್ತದಿಂದ ಬೇಗ ಹೋಗುತ್ತದೆ. ಐದಾರು ಗಂಟೆಗೊಮ್ಮೆ ಅದರ ಪ್ರಮಾಣ ಅರ್ಧವಾಗುತ್ತದೆ. ಡ್ಯುಟಾಸ್ಟರೈಡ್ ಹಾಗಲ್ಲ. ಅದು ಅರ್ಧವಾಗಲು ಸುಮಾರು ಐದು ವಾರ ಬೇಕು. ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಹಾಗಾಗಿ ಡ್ಯುಟಾಸ್ಟರೈಡ್ ತೆಗೆದುಕೊಂಡವರು ಒಂದು ತಿಂಗಳಿಗೇ ಏನೂ ಇಳಿದಿಲ್ಲ ಅಂತ ಗಾಬರಿಯಾಗಬೇಡಿ.

ಹೆಜ್ಜೆ 5: ಡಾಕ್ಟರ್ ಎದುರು

ಎಷ್ಟೋ ಜನ ಕುರ್ಚಿಯಲ್ಲಿ ಕೂತು ತಲೆನೋವು, ಸುಸ್ತು ಅಂತೆಲ್ಲ ಹೇಳಿ, ಎದ್ದು ಹೊರಡುವಾಗ ಬಾಗಿಲ ಬಳಿ ಈ ಮಾತು ತೆಗೆಯುತ್ತಾರೆ. ಅಥವಾ ತೆಗೆಯದೆ ಬಂದುಬಿಡುತ್ತಾರೆ. ಒಳಗೆ ಹೋದ ತಕ್ಷಣ ಇಷ್ಟೇ ಹೇಳಿ: 'ಕೂದಲಿಗೆ ಫಿನಾಸ್ಟರೈಡ್ ತಗೋತಿದ್ದೆ ಡಾಕ್ಟ್ರೇ, ಎದೆಯಲ್ಲಿ ಗಂಟು ಬಂದಿದೆ, ನೋಡಿ.' ಕೈಯಲ್ಲಿರುವ ಹಾಳೆ ಕೊಡಿ. ಉಳಿದದ್ದು ಅವರು ಕೇಳುತ್ತಾರೆ. ಅವರಿಗೆ ಇದು ಹೊಸದಲ್ಲ. ಹರೆಯಕ್ಕೆ ಬರುವ ಹುಡುಗರಲ್ಲಿ, ವಯಸ್ಸಾದವರಲ್ಲಿ ಇದನ್ನು ಅವರು ನೋಡುತ್ತಲೇ ಇರುತ್ತಾರೆ.

ಎದೆ, ಕಂಕುಳು, ವೃಷಣ ಮೂರನ್ನೂ ಪರೀಕ್ಷಿಸುತ್ತಾರೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್, ಈಸ್ಟ್ರಡಯಾಲ್ (ಈಸ್ಟ್ರೊಜೆನ್‌ನ ಒಂದು ಬಗೆ), ಎಲ್‌ಎಚ್, ಪ್ರೊಲ್ಯಾಕ್ಟಿನ್, ಎಚ್‌ಸಿಜಿ ಅನ್ನುವ ಬೇರೆ ಹಾರ್ಮೋನುಗಳು, ಥೈರಾಯ್ಡ್, ಲಿವರ್ ಮತ್ತು ಕಿಡ್ನಿ ಪರೀಕ್ಷೆ ಬರೆಯಬಹುದು. ಕಾರಣ ಸ್ಪಷ್ಟವಾಗಿದ್ದರೆ ಇಷ್ಟೂ ಬೇಕಾಗುವುದಿಲ್ಲ. ಟೆಸ್ಟೋಸ್ಟೆರಾನ್‌ಗೆ ಬೆಳಿಗ್ಗೆಯೇ ರಕ್ತ ಕೊಡಿ, ಆಗ ಅದರ ಮಟ್ಟ ಮೇಲಿರುತ್ತದೆ. ಅನುಮಾನ ಇದ್ದರೆ ಸ್ಕ್ಯಾನಿಂಗ್ ಅಥವಾ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ. ಮ್ಯಾಮೋಗ್ರಾಂ ಹೆಂಗಸರಿಗೆ ಮಾತ್ರ ಅಂತ ಹಿಂಜರಿಯಬೇಡಿ.

ಹೆಜ್ಜೆ 6: ಕಾಯುವುದೂ ಚಿಕಿತ್ಸೆಯೇ

ಹೊಸ ಗಂಟಾಗಿದ್ದರೆ ಮಾತ್ರೆ ನಿಲ್ಲಿಸಿ ಕೆಲವು ತಿಂಗಳು ಕಾಯಲು ಹೇಳುತ್ತಾರೆ. ಸಾಮಾನ್ಯವಾಗಿ ಮೊದಲು ನೋವು ಹೋಗುತ್ತದೆ, ಬಿಲ್ಲೆ ಆಮೇಲೆ ನಿಧಾನವಾಗಿ ಕುಗ್ಗುತ್ತದೆ. ತಿಂಗಳಿಗೊಮ್ಮೆ ಅಳೆದು ಅದೇ ಹಾಳೆಯಲ್ಲಿ ಬರೆಯಿರಿ. ದಿನಾ ಒತ್ತಿ ಒತ್ತಿ ನೋಡಬೇಡಿ, ಒತ್ತಿದಷ್ಟೂ ನೋವು ಉಳಿಯುತ್ತದೆ. ಒಳಗೆ ಮೆತ್ತನೆಯ, ಮೈಗೆ ಅಂಟುವ ಬನಿಯನ್ ಹಾಕಿದರೆ ಉಜ್ಜಾಟ ಕಡಿಮೆ.

ಕಡಿಮೆಯಾಗದಿದ್ದರೆ ಅಥವಾ ನೋವು ಜಾಸ್ತಿ ಇದ್ದರೆ ಟ್ಯಾಮಾಕ್ಸಿಫೆನ್ ಅನ್ನುವ ಔಷಧಿ ಇದೆ. ಅದು ಸ್ತನ ಕ್ಯಾನ್ಸರ್ ಔಷಧಿ. ಎದೆಯ ಗ್ರಂಥಿಯಲ್ಲಿ ಈಸ್ಟ್ರೊಜೆನ್ ಕೆಲಸ ಮಾಡದಂತೆ ತಡೆಯುತ್ತದೆ. ಕೆಲವು ವೈದ್ಯರು ದಿನಕ್ಕೆ 10ರಿಂದ 20 ಮಿಲಿಗ್ರಾಂನಂತೆ ಕೆಲವು ತಿಂಗಳು ಕೊಡುತ್ತಾರೆ. ಗಂಟು ಹೊಸದಿದ್ದಾಗ ಇದು ಕೆಲಸ ಮಾಡುತ್ತದೆ, ಹಳೆಯದಕ್ಕೆ ಅಷ್ಟಾಗಿ ಇಲ್ಲ. ಆದರೆ ಇದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ದಯವಿಟ್ಟು ಯಾರೋ ಹೇಳಿದರು ಅಂತ ನೀವೇ ತರಿಸಿಕೊಂಡು ನುಂಗಬೇಡಿ. ಕೂದಲಿನ ಮಾತ್ರೆ ಮುಂದುವರಿಸಿ, ಜೊತೆಗೆ ಈಸ್ಟ್ರೊಜೆನ್ ಇಳಿಸುವ ಮಾತ್ರೆಯನ್ನು ಗುಟ್ಟಾಗಿ ಸೇರಿಸುವವರಿದ್ದಾರೆ. ಅದು ನನಗೆ ತೀರಾ ಹೆದರಿಕೆ ಹುಟ್ಟಿಸುವ ವಿಷಯ. ಗಂಡಸಿಗೂ ಮೂಳೆ ಗಟ್ಟಿಯಿರಲು ಈಸ್ಟ್ರೊಜೆನ್ ಬೇಕು.

ಎದೆಯ ವ್ಯಾಯಾಮ, ಮಸಾಜ್, ಹಚ್ಚುವ ಕ್ರೀಮ್ ಯಾವುದೂ ಗ್ರಂಥಿಯನ್ನು ಕರಗಿಸುವುದಿಲ್ಲ. ವ್ಯಾಯಾಮದಿಂದ ಗ್ರಂಥಿಯ ಹಿಂದಿರುವ ಎದೆಯ ಸ್ನಾಯು ಬೆಳೆಯುತ್ತದೆ ಅಷ್ಟೆ.

ಹೆಜ್ಜೆ 7: ಆಪರೇಷನ್

ವರ್ಷ ಕಳೆದು ಗಟ್ಟಿಯಾದ ಗ್ರಂಥಿಗೆ ಉಳಿಯುವ ದಾರಿ ಇದು. ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲಿ ಕೊಯ್ದು ಗ್ರಂಥಿ ತೆಗೆಯುತ್ತಾರೆ. ಕೊಬ್ಬೂ ಇದ್ದರೆ ಲೈಪೊಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದನ್ನೂ ಸೇರಿಸುತ್ತಾರೆ. ಬರೀ ಲೈಪೊಸಕ್ಷನ್ ಮಾಡಿದರೆ ಗಟ್ಟಿ ಗ್ರಂಥಿ ಅಲ್ಲೇ ಉಳಿಯಬಹುದು, ಇದನ್ನು ಸರ್ಜನ್ ಬಳಿ ಮೊದಲೇ ಕೇಳಿ. ಆಮೇಲೆ ಕೆಲವು ವಾರ ಬಿಗಿಯಾದ ಬನಿಯನ್ ಹಾಕಬೇಕು. ರಕ್ತ ಕಟ್ಟುವುದು, ತೊಟ್ಟಿನ ಸ್ಪರ್ಶ ಕಡಿಮೆಯಾಗುವುದು, ಎರಡೂ ಕಡೆ ಸಮ ಇಲ್ಲದಿರುವುದು ಇದರ ತೊಂದರೆಗಳು. ಕಾರಣ ಹುಡುಕದೆ, ಮಾತ್ರೆಯ ಬಗ್ಗೆ ತೀರ್ಮಾನಿಸದೆ ನೇರ ಇಲ್ಲಿಗೆ ಬರಬೇಡಿ. ಒಳಗೆ ಉಳಿದ ಗ್ರಂಥಿ ಮತ್ತೆ ಬೆಳೆಯಬಹುದು.

ಕೂದಲಿನ ಕಥೆ ಏನು?

ಇದು ಸಣ್ಣ ನೋವಲ್ಲ, ಗೊತ್ತು. ಮಾತ್ರೆ ನಿಲ್ಲಿಸಿದರೆ ಉಳಿಸಿಕೊಂಡ ಕೂದಲು ಸುಮಾರು ಒಂದು ವರ್ಷದಲ್ಲಿ ಮತ್ತೆ ಉದುರುತ್ತದೆ. ಅದಕ್ಕೇ ಎಷ್ಟೋ ಜನ ಎದೆಯ ನೋವನ್ನು ಹಲ್ಲು ಕಚ್ಚಿ ಸಹಿಸುತ್ತಾರೆ. ಆದರೆ ಕೂದಲಿಗೆ ಬೇರೆ ದಾರಿಗಳಿವೆ, ಗಟ್ಟಿಯಾದ ಗ್ರಂಥಿಗೆ ಚಾಕು ಒಂದೇ. ನಾನಾಗಿದ್ದರೆ ಮಾತ್ರೆ ಬಿಡುತ್ತೇನೆ.

ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಡಿಎಚ್‌ಟಿಯನ್ನು ಮುಟ್ಟುವುದಿಲ್ಲ, ಅದರ ಕೆಲಸದ ದಾರಿಯೇ ಬೇರೆ. ಶುರುವಿನ ಕೆಲವು ವಾರ ಕೂದಲು ಇನ್ನೂ ಉದುರಿದಂತೆ ಕಾಣುತ್ತದೆ, ಆಮೇಲೆ ನಿಲ್ಲುತ್ತದೆ. ಹಚ್ಚುವ ಫಿನಾಸ್ಟರೈಡ್ ಕೂಡ ಸಿಗುತ್ತದೆ. ಅದು ರಕ್ತದ ಡಿಎಚ್‌ಟಿಯನ್ನು ನುಂಗುವ ಮಾತ್ರೆಯಷ್ಟು ಇಳಿಸುವುದಿಲ್ಲ, ಆದರೆ ಇಳಿಸುತ್ತದೆ. ಒಮ್ಮೆ ಎದೆ ಬೆಳೆದವರು ಇದನ್ನು ಡಾಕ್ಟರ್ ಕೇಳದೆ ಮುಟ್ಟಬಾರದು. ಕೂದಲು ನಾಟಿ ಇನ್ನೊಂದು ದಾರಿ.

ಇನ್ನೆರಡು ಮಾತು. ಈ ಮಾತ್ರೆಗಳು ಪಿಎಸ್‌ಎ ಅನ್ನುವ, ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡುವ ರಕ್ತ ಪರೀಕ್ಷೆಯ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಆ ಪರೀಕ್ಷೆ ಮಾಡಿಸುವಾಗ ಮಾತ್ರೆಯ ವಿಷಯ ಹೇಳದಿದ್ದರೆ ಕಾಯಿಲೆ ಕಣ್ಣು ತಪ್ಪಿಸಬಹುದು. ಮನಸ್ಸು ಕುಗ್ಗುವುದೂ ಈ ಮಾತ್ರೆಯ ಜೊತೆ ಬರಬಹುದು. ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಆತ್ಮಹತ್ಯೆಯ ಯೋಚನೆಯನ್ನು ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮ ಎಂದು ದೃಢಪಡಿಸಿದೆ. ಎದೆಯ ನಾಚಿಕೆ, ಉದುರುವ ಕೂದಲು, ಇದೆಲ್ಲ ಸೇರಿ ಬದುಕೇ ಬೇಡ ಅನಿಸಿದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಡಾಕ್ಟರ್‌ಗೆ ಹೇಳಿ. ಮನೆಯವರಲ್ಲಿ ಒಬ್ಬರಿಗಾದರೂ ಹೇಳಿ.

ಎಲ್ಲ ಇಳಿದ ಮೇಲೆ ಡಾಕ್ಟರ್ ಒಪ್ಪಿ ಮತ್ತೆ ಮಾತ್ರೆ ಶುರು ಮಾಡುವುದಾದರೆ, ಆ ಹಳೆಯ ಹಾಳೆಯನ್ನು ಎಸೆಯಬೇಡಿ. ಪ್ರತಿ ತಿಂಗಳ ಒಂದನೇ ತಾರೀಖು ಅಂಗಾತ ಮಲಗಿ ಎರಡೂ ಕಡೆ ಮುಟ್ಟಿ ನೋಡಿ. ಏನೂ ಸಿಗದಿದ್ದರೆ 'ಇಲ್ಲ' ಅಂತ ಬರೆಯಿರಿ. ಏನಾದರೂ ತಡೆದರೆ ಆ ವಾರವೇ ಹೋಗಿ ತೋರಿಸಿ.