ಗೋಡಂಬಿ ಆಕಾರದ ಜರ್ಮನ್ ಊಟದ ಡಬ್ಬಿ: ಯುದ್ಧಕಾಲದ್ದಾ, ಆಮೇಲಿಂದಾ, ಗುರುತು ಹಿಡಿಯೋದು ಹೇಗೆ?

ಜರ್ಮನಿಲಿ ಫ್ಲೋಮಾರ್ಕ್ಟ್ ಅಂತ ನಡೆಯತ್ತೆ, ಹಳೇ ಸಾಮಾನಿನ ಸಂತೆ. ಅಲ್ಲಿ ಪಿಂಗಾಣಿ ಕಪ್ಪು, ಹಳೇ ಕ್ಯಾಮೆರಾ, ತುಕ್ಕು ಹಿಡಿದ ಸುತ್ತಿಗೆ ಇವುಗಳ ಮಧ್ಯೆ ಒಂದು ಹಸಿರು ಡಬ್ಬಿ ಕೂತಿರೋದನ್ನ ನೀವು ನೋಡಿರ್ತೀರ. ಮೇಲಿಂದ ನೋಡಿದ್ರೆ ಥೇಟ್ ಗೋಡಂಬಿ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಒಳಕ್ಕೆ ತಗ್ಗು. ಸೈನಿಕರ ಊಟದ ಡಬ್ಬಿ ಅದು, ಜರ್ಮನ್ನರು ಕೋಖ್‌ಗೆಶಿರ್ ಅಂತಾರೆ. ಮಾರೋರನ್ನ ಕೇಳಿದ್ರೆ ಹೆಚ್ಚಿನವರು ಹೇಳೋದು ಒಂದೇ ಮಾತು, ಎರಡನೇ ಮಹಾಯುದ್ಧದ್ದು ಅಂತ.

ನಾನೂ ಮೊದಲನೇ ಸಲ ಆ ಮಾತು ನಂಬೇ ತಗೊಂಡೆ. ಮನೆಗೆ ಬಂದು ಮುಚ್ಚಳ ತೆಗೆದ್ರೆ ಒಳಗೆ ಅಚ್ಚುಕಟ್ಟಾಗಿ ಕೂತ ಇನ್ನೊಂದು ತಟ್ಟೆ, ಎಷ್ಟು ಚೆನ್ನಾಗಿದೆ ಅಂತ ಖುಷಿನೂ ಪಟ್ಟೆ. ಆ ತಟ್ಟೆನೇ ಡಬ್ಬಿ ಯುದ್ಧದ್ದಲ್ಲ ಅಂತ ಹೇಳ್ತಿತ್ತು ಅನ್ನೋದು ಗೊತ್ತಾಗೋಕೆ ತಿಂಗಳುಗಳೇ ಬೇಕಾಯ್ತು. ಆ ತಿಂಗಳುಗಳು ನಿಮಗೆ ಉಳೀಲಿ ಅಂತ ಇದನ್ನ ಬರೀತಿದೀನಿ.

ಮೊದಲು ಸ್ವಲ್ಪ ಹಿನ್ನೆಲೆ, ಇಲ್ಲಾಂದ್ರೆ ಗುರುತುಗಳು ತಲೆಗೆ ಹತ್ತಲ್ಲ. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಳಸ್ತಿದ್ದದ್ದು 1910ರ ಮಾದರಿ, ಎತ್ತರ ಜಾಸ್ತಿ, ಹೆಚ್ಚು ಊಟ ಹಿಡೀತಿತ್ತು. 1931ರಲ್ಲಿ ಅದನ್ನ ಗಿಡ್ಡ ಮಾಡಿ ಹೊಸ ಮಾದರಿ ತಂದ್ರು, ಕೆಳಗಿನ ಪಾತ್ರೆ ಸುಮಾರು 1.7 ಲೀಟರ್. ಹಿಟ್ಲರನ ಸೇನೆ ಯುದ್ಧ ಪೂರ್ತಿ ಹೊತ್ಕೊಂಡು ಓಡಾಡಿದ್ದು ಇದನ್ನೇ. 1945ರಲ್ಲಿ ಆ ಸೇನೆ ಮುಗೀತು, ಪಶ್ಚಿಮ ಜರ್ಮನಿಗೆ ಹೊಸ ಸೇನೆ ಬುಂಡೆಸ್‌ವೇರ್ ಬಂದಿದ್ದು 1955ರ ನವೆಂಬರ್‌ನಲ್ಲಿ, ಪೂರ್ವ ಜರ್ಮನಿಯ ಸೇನೆ 1956ರ ಮಾರ್ಚ್‌ನಲ್ಲಿ. ಮಧ್ಯೆ ಹತ್ತು ವರ್ಷ ಜರ್ಮನಿಗೆ ಸೇನೆನೇ ಇರ್ಲಿಲ್ಲ, ಈ ಖಾಲಿ ಜಾಗ ನೆನಪಿಟ್ಕೊಳ್ಳಿ, ಮುಂದೆ ಕೆಲಸಕ್ಕೆ ಬರತ್ತೆ. ಹೊಸ ಸೇನೆಗಳು ಬಂದಾಗ ಡಬ್ಬಿ ಆಕಾರ ಮಾತ್ರ ಬದಲಾಗ್ಲಿಲ್ಲ, ಬೆನ್ನಿಗೋ ಸೊಂಟಕ್ಕೋ ಅಂಟಿಕೊಂಡು ಕೂರೋ ಗೋಡಂಬಿ ಆಕಾರನ ಯಾಕೆ ಬಿಡ್ತಾರೆ. ಗೊಂದಲ ಶುರುವಾಗಿದ್ದೇ ಅಲ್ಲಿಂದ.

ಮೊದಲು ಎಣಿಸಿ

ಡಬ್ಬಿ ಕೈಗೆ ಬಂದ ತಕ್ಷಣ ಮುಚ್ಚಳ ತೆಗೀರಿ. ಯುದ್ಧಕಾಲದ ಡಬ್ಬಿಗೆ ಇರೋದು ಎರಡೇ ತುಂಡು, ಕೆಳಗೆ ತಂತಿ ಹಿಡಿ ಇರೋ ಪಾತ್ರೆ, ಮೇಲೆ ಮಡಚೋ ಹಿಡಿ ಇರೋ ಮುಚ್ಚಳ, ಆ ಮುಚ್ಚಳನೇ ತಟ್ಟೆ, ಅದೇ ಬಾಣಲೆ. ಬುಂಡೆಸ್‌ವೇರ್ ಡಬ್ಬಿಗೆ ಮೂರು ತುಂಡು, ಪಾತ್ರೆ ಒಳಗೆ ಕೂರೋ ಇನ್ನೊಂದು ತಟ್ಟೆ ಸೇರತ್ತೆ. ಆ ತಟ್ಟೆ ಪಾತ್ರೆಗೆ ಸರಿಯಾಗಿ ಕೂತ್ರೆ ವಿಷಯ ಬಹುಪಾಲು ಅಲ್ಲಿಗೇ ಮುಗೀತು, ಯುದ್ಧದ ನಂತರದ್ದು.

ಆದ್ರೆ ಇದನ್ನ ತಿರುಗಾಮುರುಗಾ ಮಾಡಬೇಡಿ. ಎರಡೇ ತುಂಡಿದೆ ಅಂದ ಮಾತ್ರಕ್ಕೆ ಯುದ್ಧದ್ದು ಅಂತಲ್ಲ, ಒಳಗಿನ ತಟ್ಟೆ ಎಲ್ಲೋ ಕಳೆದುಹೋಗಿರಬಹುದು, ಇಲ್ಲಾ ಯಾರೋ ಬೇಕು ಅಂತಲೇ ತೆಗೆದಿಟ್ಟಿರಬಹುದು. ಪಾತ್ರೆ ಒಳಗಿನ ಮೇಲಂಚಿಗೆ ಬೆಳಕು ಬಿಟ್ಟು ನೋಡಿ, ವರ್ಷಗಟ್ಟಲೆ ತಟ್ಟೆ ಕೂತು ಎದ್ದಿದ್ರೆ ಸುತ್ತಲೂ ಒಂದೇ ಎತ್ತರದಲ್ಲಿ ತೆಳ್ಳಗೆ ಉಜ್ಜಿದ ಗೆರೆ ಬಿದ್ದಿರಬಹುದು. ಚಮಚದ ಗೀರು ಹಾಗಿರಲ್ಲ, ಅದು ತಳದಲ್ಲಿ ಅಡ್ಡಾದಿಡ್ಡಿ ಇರತ್ತೆ.

ಅಕ್ಷರ, ಅಂಕಿ

ಈಗ ಮುಚ್ಚಳದ ಹಿಡಿ ಬಿಡಿಸಿ. ಯುದ್ಧಕಾಲದ ಡಬ್ಬಿಲಿ ತಯಾರಕರ ಎರಡು ಮೂರು ಅಕ್ಷರ, ಪಕ್ಕದಲ್ಲಿ ವರ್ಷದ ಕೊನೇ ಎರಡು ಅಂಕಿ ಕುಟ್ಟಿರ್ತಾರೆ, 39, 41 ಈ ಥರ. ಮುಚ್ಚಳದ ಹಿಡಿ ಮೇಲೆ ಮೊದಲು ಹುಡುಕಿ, ಆಮೇಲೆ ಪಾತ್ರೆ ಮೇಲೆ, ಹಿಡಿ ಜೋಡಿಸಿರೋ ಜಾಗದ ಹತ್ರ. ಬಣ್ಣ ದಪ್ಪ ಇದ್ರೆ ಕಣ್ಣಿಗೆ ಸಿಗಲ್ಲ, ಮೊಬೈಲ್ ಟಾರ್ಚ್ ಪಕ್ಕದಿಂದ ಹಿಡಿದು ನೋಡಿ, ನೆರಳು ಬಿದ್ದು ಅಂಕಿ ಎದ್ದು ಕಾಣತ್ತೆ. ಅದೂ ಆಗ್ಲಿಲ್ಲ ಅಂದ್ರೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಚಿಕ್ಕವರಿದ್ದಾಗ ನಾಣ್ಯದ ಮೇಲೆ ಉಜ್ಜುತಿದ್ವಲ್ಲ ಹಾಗೆ.

ಅಂಕಿ 31ರಿಂದ 45ರ ಒಳಗಿದ್ರೆ ಒಳ್ಳೇ ಸುಳಿವು. 56, 62, 71 ಅಂತ ಬಂದ್ರೆ ಮಾತೇ ಇಲ್ಲ, ನಂತರದ್ದು. ಮಧ್ಯದ 48, 51 ಥರ ಬಂದ್ರೆ ಆ ಹತ್ತು ವರ್ಷದ ಖಾಲಿ ಜಾಗ ನೆನಪಿಸ್ಕೊಳ್ಳಿ, ಅದು ಹಿಟ್ಲರನ ಸೇನೆದು ಆಗೋಕೆ ಸಾಧ್ಯನೇ ಇಲ್ಲ. 1951ರಲ್ಲಿ ಶುರುವಾದ ಗಡಿ ಪೊಲೀಸ್ ಪಡೆಯಂಥದ್ದರದ್ದೋ ಸಾಮಾನ್ಯ ಜನಕ್ಕೆ ಮಾಡಿದ್ದೋ ಇರಬಹುದು. ಸವೆದುಹೋದ 6 ಮತ್ತೆ 4 ಬಗ್ಗೆ ಹುಷಾರಾಗಿರಿ, 62ನ್ನ 42 ಅಂತ ಓದ್ಕೊಂಡು ಆಸೆಪಡೋದು ತುಂಬಾ ಸುಲಭ, ನಾಲ್ಕಕ್ಕೆ ಚೂಪು ಮೂಲೆ ಇರತ್ತೆ, ಆರಕ್ಕೆ ಹೊಟ್ಟೆ ಇರತ್ತೆ, ಭೂತಗನ್ನಡಿ ಇಟ್ಟು ಅದನ್ನೇ ನೋಡಿ. ಬರೀ ಅಕ್ಷರಗಳನ್ನ ನಂಬಬೇಡಿ, ಯುದ್ಧದಲ್ಲಿ ಸೇನೆಗೆ ಮಾಡಿಕೊಟ್ಟ ಕಾರ್ಖಾನೆ ಆಮೇಲೂ ನಡೀತಿದ್ರೆ ಅದೇ ಅಕ್ಷರ ಮತ್ತೆ ಬರಬಹುದು. ಸೈನಿಕರ ನೀರಿನ ಬಾಟಲಿ ಮೇಲೆ ಕಾಣೋ ಎಚ್‌ಆರ್‌ಇ, ಅಂದ್ರೆ ಎಸ್ಲಿಂಗೆನ್ ಊರಿನ ಹೈನ್‌ರಿಖ್ ರಿಟ್ಟರ್ ಅನ್ನೋ ತಯಾರಕರು, ಈ ಹೆಸರು ಸಂಗ್ರಹಕಾರರಿಗೆಲ್ಲ ಬಾಯಿಪಾಠ, ಆದ್ರೂ ಅವರು ನೋಡೋದು ಪಕ್ಕದ ಅಂಕಿನ.

ಯುದ್ಧದ ಕೊನೇ ವರ್ಷಗಳಲ್ಲಿ ತಯಾರಕರ ಹೆಸರಿನ ಬದಲು ಆರ್‌ಬಿ ನಂಬರ್ ಅಂತ ಉದ್ದದ ಸಂಖ್ಯೆ ಹಾಕೋಕೆ ಶುರು ಮಾಡಿದ್ರು, ಸೊನ್ನೆ, ಓರೆಗೆರೆ, ನಾಲ್ಕಂಕಿ, ಓರೆಗೆರೆ, ಮತ್ತೆ ನಾಲ್ಕಂಕಿ. ಇದನ್ನ ನ್ಯಾಟೋ ಸರಕು ಸಂಖ್ಯೆ ಜೊತೆ ಕಲಸಬೇಡಿ, ಅದು ಹದಿಮೂರು ಅಂಕಿ, ಮೊದಲ ನಾಲ್ಕಂಕಿ ಆದ್ಮೇಲೆ ಜರ್ಮನಿಯ ಗುರುತಾಗಿ 12 ಬರತ್ತೆ. ಪಶ್ಚಿಮ ಜರ್ಮನಿ ನ್ಯಾಟೋ ಸೇರಿದ್ದೇ 1955ರ ಮೇ ತಿಂಗಳಲ್ಲಿ, ಹಾಗಾಗಿ ಆ ನಂಬರ್ ಕಂಡ್ರೆ ಬೇರೆ ಸಾಕ್ಷಿ ಬೇಡ.

ಲೋಹ

ಒಂದು ಸಣ್ಣ ಅಯಸ್ಕಾಂತ ಜೇಬಲ್ಲಿರ್ಲಿ, ಫ್ರಿಜ್ ಮೇಲೆ ಅಂಟಿಸೋದೇ ಸಾಕು. 1931ರ ಮಾದರಿ ಅಲ್ಯೂಮಿನಿಯಂ, ಅಯಸ್ಕಾಂತ ಹಿಡಿಯಲ್ಲ. ವಿಮಾನಕ್ಕೆಲ್ಲ ಅಲ್ಯೂಮಿನಿಯಂ ಬೇಕಾಗಿ ಕೊರತೆ ಬಿದ್ದಾಗ, 1943ರ ಹೊತ್ತಿಂದ ಎನಾಮಲ್ ಹಾಕಿದ ಕಬ್ಬಿಣದ ಡಬ್ಬಿಗಳೂ ಬಂದ್ವು. ಆದ್ರಿಂದ ಪಾತ್ರೆ ಮೈಗೇ ಅಯಸ್ಕಾಂತ ಅಂಟಿದ್ರೆ ಕಡೆಗಣಿಸಬೇಡಿ, ಯುದ್ಧದ ಕೊನೇ ಕಾಲದ್ದು ಇರಬಹುದು, ಕುಟ್ಟಿದ ಗುರುತನ್ನ ಇನ್ನೊಂದ್ಸಲ ಹುಡುಕಿ. ತಂತಿ ಹಿಡಿಗೆ ಅಂಟಿದ್ರೆ ಏನೂ ಅರ್ಥ ಇಲ್ಲ, ಅದು ಯಾವಾಗ್ಲೂ ಉಕ್ಕಿಂದೇ.

ಬಣ್ಣ ಕೊನೆಗೆ

ಎಲ್ರೂ ಮೊದಲು ನೋಡೋದು ಬಣ್ಣನ, ನಾನು ಹೇಳೋದು ಕೊನೆಗೆ ನೋಡಿ ಅಂತ. ಯುದ್ಧಕಾಲದಲ್ಲಿ ಮೊದಮೊದಲು ಬೂದಿ ಬೆರೆತ ಹಸಿರು, ಆಮೇಲೆ ಆಲಿವ್ ಕಡೆಗೆ ಹೋದ ಹಸಿರು, ಬುಂಡೆಸ್‌ವೇರ್‌ದೂ ಆಲಿವ್ ಹಸಿರೇ. ಎಂಭತ್ತು ವರ್ಷ ಬಿಸಿಲು ಬೆಂಕಿ ಕಂಡ ಬಣ್ಣ ಫೋಟೋದಲ್ಲಿ ಯಾವುದು ಯಾವುದು ಅಂತ ಹೇಳೋಕಾಗಲ್ಲ. ಅದರ ಮೇಲೆ ಇನ್ನೊಂದು ತೊಡಕು, ಯುದ್ಧ ಮುಗಿದ್ಮೇಲೆ ಸಿಕ್ಕಿದ ಜರ್ಮನ್ ಸಾಮಾನನ್ನ ನಾರ್ವೆಯಂಥ ದೇಶಗಳ ಸೇನೆ ಬಳಸ್ತು, ಅಂಥ ಡಬ್ಬಿಗೆ ಮತ್ತೆ ಬಣ್ಣ ಬಳಿದಿದ್ರೆ ಅಂಕಿ 41 ಇದ್ದೂ ಬಣ್ಣ ಮಾತ್ರ ಆಮೇಲಿಂದು. ಅದು ನಕಲಿ ಅಲ್ಲ, ಎರಡು ಜನ್ಮ ಕಂಡ ಡಬ್ಬಿ ಅಷ್ಟೇ.

ಬಣ್ಣ ನಿಜವಾಗ್ಲೂ ಸಹಾಯ ಮಾಡೋದು ಮೋಸ ಹಿಡಿಯೋಕೆ. ಕುಟ್ಟಿದ ಅಂಕಿಯ ತಗ್ಗಿನ ಒಳಗೆ ನೋಡಿ. ಮೊದಲು ಕುಟ್ಟಿ ಆಮೇಲೆ ಬಣ್ಣ ಹಚ್ಚಿದ್ರೆ ತಗ್ಗಿನೊಳಗೂ ಬಣ್ಣ, ಅದರ ಮೇಲೆ ಕೊಳೆ ಕೂತಿರತ್ತೆ. ಯಾರೋ ಈಚೆಗೆ ಸುತ್ತಿಗೆಲಿ ಕುಟ್ಟಿದ್ರೆ ಅಂಚಲ್ಲಿ ಬಣ್ಣ ಸಣ್ಣ ಸಣ್ಣ ಚಕ್ಕೆ ಎದ್ದು ತಳದಲ್ಲಿ ಬಿಳೀ ಲೋಹ ಹೊಳೀತಿರತ್ತೆ. ಡಬ್ಬಿ ಎದ್ದು ಕಾಣೋ ಜಾಗದಲ್ಲಿ ದೊಡ್ಡ ಹದ್ದು, ಸ್ವಸ್ತಿಕ ಇದ್ರೆ ನಾನಂತೂ ದುಡ್ಡು ತೆಗೆಯೋ ಮುಂಚೆ ಎರಡು ಸಲ ಯೋಚಿಸ್ತೀನಿ, ಬೆಲೆ ಏರಿಸೋಕೆ ಅಂತ ಹೊಸದಾಗಿ ಹೊಡೆಯೋರಿದಾರೆ. ಜರ್ಮನಿಲಿ ಕಾನೂನೂ ಗಮನದಲ್ಲಿರ್ಲಿ, ದಂಡ ಸಂಹಿತೆಯ 86ಎ ಪ್ರಕಾರ ನಾಜಿ ಚಿಹ್ನೆನ ಸಾರ್ವಜನಿಕವಾಗಿ ತೋರಿಸೋದು ಅಪರಾಧ, ಶಿಕ್ಷಣ, ಸಂಶೋಧನೆಯಂಥ ಕಾರಣಕ್ಕೆ ಮಾತ್ರ ವಿನಾಯಿತಿ, ಅದಕ್ಕೇ ಮಾರೋರು ಆ ಜಾಗಕ್ಕೆ ಸ್ಟಿಕ್ಕರ್ ಅಂಟಿಸಿರ್ತಾರೆ.

ಮುಚ್ಚಳ, ಪಾತ್ರೆ ಒಂದೇ ಜೋಡಿನಾ?

ಎರಡರ ಮೇಲೂ ಅಂಕಿ ಓದಿ. ಮುಚ್ಚಳ 39, ಪಾತ್ರೆ 42 ಅಂತಿದ್ರೆ ಗಾಬರಿ ಬೇಡ, ಸಾವಿರಾರು ಜನ ಒಟ್ಟಿಗೆ ಉಂಡು ತೊಳೆದಿಡೋ ಜಾಗದಲ್ಲಿ ಅದಲು ಬದಲು ಆಗದೇ ಇರತ್ತಾ. ಮುಚ್ಚಳ 41, ಪಾತ್ರೆ 63 ಅಂತಿದ್ರೆ ಅದು ಜೋಡಿಸಿದ್ದು, ಮಾರೋರಿಗೆ ಅದನ್ನೇ ಹೇಳಿ, ಬೆಲೆ ಹಾಗೇ ಮಾತಾಡಿ.

ಮುಚ್ಚಳದ ಒಳಗೆ ಮೊಳೆಯಲ್ಲೋ ಚಾಕುತುದಿಯಲ್ಲೋ ಗೀಚಿದ ಹೆಸರು ಸಿಕ್ಕಿದ್ರೆ ದಯವಿಟ್ಟು ಉಜ್ಜಬೇಡಿ. ತನ್ನ ಡಬ್ಬಿ ಬೇರೆಯವರ ಪಾಲಾಗದಿರ್ಲಿ ಅಂತ ಬರೆದ ಹೆಸರದು, ಆ ಸೇನೆ ಯಾವ ಕ್ರೌರ್ಯದ ಜೊತೆ ನಡೀತು ಅನ್ನೋದನ್ನ ಮರೆಯದೇನೇ ಆ ಗೀರನ್ನ ಇದ್ದ ಹಾಗೇ ಉಳಿಸಬೇಕು ಅಂತ ನನಗನ್ಸತ್ತೆ. ಬಿಸಿನೀರು, ಮೆತ್ತನೆ ಬಟ್ಟೆ ಸಾಕು, ಸ್ಟೀಲ್ ಉಜ್ಜು ಹಾಕಿದ್ರೆ ಅಲ್ಯೂಮಿನಿಯಂ ಮೃದು, ಕುಟ್ಟಿದ ಅಂಕಿನೂ ಸವೆದು ಹೋಗತ್ತೆ.

ನನ್ನ ಆ ಮೂರು ತುಂಡಿನ ಡಬ್ಬಿ ಈಗಲೂ ನನ್ನ ಹತ್ರನೇ ಇದೆ. ಒಳಗೊಂದು ಚೀಟಿ ಬರೆದಿಟ್ಟಿದೀನಿ, ಬುಂಡೆಸ್‌ವೇರ್, ತಟ್ಟೆ ಸಮೇತ, ಯುದ್ಧದ್ದಲ್ಲ ಅಂತ.